ಸಂಚಾರಿ ತಂಡಗಳ ಕೊನೆಯ ಆಟ ಮತ್ತು ವಿಸರ್ಜನೆ

ಊರೂರು ತಿರುಗಿ ಆಟ, ನಾಟಕ ಅಥವಾ ಸಂಗೀತ ಕೊಡುವ ತಂಡ ತನ್ನ ಕೊನೆಯ ಸುತ್ತು ಮುಗಿಸಿ ಚದುರುವುದಕ್ಕೆ ಕರ್ನಾಟಕದಲ್ಲಿ ಒಂದೇ ರೀತಿ ಎಂಬುದಿಲ್ಲ. ಯಕ್ಷಗಾನ ಮೇಳ ಗೆಜ್ಜೆ ಬಿಚ್ಚುತ್ತದೆ. ವೃತ್ತಿ ನಾಟಕ ಕಂಪನಿ ಯಾವುದೋ ಒಂದು ಮೊಕ್ಕಾಮಿನಲ್ಲಿ ನಿಂತುಹೋಗುತ್ತದೆ. ರೆಪರ್ಟರಿ ತಂಡ ವರ್ಷದ ತಿರುಗಾಟ ಮುಗಿಸಿ ಕಲಾವಿದರನ್ನು ಬೀಳ್ಕೊಡುತ್ತದೆ. ಪಾಶ್ಚಾತ್ಯ ರಾಕ್ ವಾದ್ಯತಂಡಗಳಲ್ಲಿ ರೂಢಿಯಾದ ವಿದಾಯದ ಪ್ರವಾಸ, ಅಂದರೆ ಇದೇ ಕೊನೆ ಎಂದು ಮೊದಲೇ ಸಾರಿ ಟಿಕೆಟ್ ಮಾರುವ ಪದ್ಧತಿ, ನಮ್ಮಲ್ಲಿ ಬೇರು ಬಿಟ್ಟಿಲ್ಲ. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಿಂದ ಹೊರಡುತ್ತಿರುವ ‘ಶಿವಸಂಚಾರ’ ವಿಸರ್ಜನೆಯನ್ನೇ ವಾರ್ಷಿಕ ಕ್ರಮ ಮಾಡಿಕೊಂಡ ತಂಡ. ಅದನ್ನು ಅರಿಯಲು ಅದರ ಹಿಂದಿನ ಮೇಳ, ಕಂಪನಿಗಳಿಂದಲೇ ತೊಡಗಬೇಕು.

ಗೆಜ್ಜೆ ಕಟ್ಟುವುದು, ಬಿಚ್ಚುವುದು

ಕರಾವಳಿಯ ಯಕ್ಷಗಾನ ಮೇಳಗಳಿಗೆ ಆರಂಭ, ಅಂತ್ಯ ಎರಡೂ ಪಂಚಾಂಗದಲ್ಲೇ ಇವೆ. ದೀಪಾವಳಿಯ ನಂತರ ಹೊರಡುವ ಮೇಳ ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ ಕೊನೆಯ ವಾರದ ಹೊತ್ತಿಗೆ ಬರುವ ಪತ್ತನಾಜೆಗೆ, ದೇವಸ್ಥಾನಕ್ಕೆ ಮರಳಿ ಸೇವೆಯಾಟ ಆಡಿ ಗೆಜ್ಜೆ ಬಿಚ್ಚುತ್ತದೆ. ಅಲ್ಲಿಗೆ ಆ ವರ್ಷದ ತಂಡ ಮುಗಿಯಿತು. ಮಳೆಗಾಲದಲ್ಲಿ ಮಾತುಕತೆ ನಡೆದು, ಮುಂದಿನ ವರ್ಷ ಭಾಗವತರು ಒಂದು ಮೇಳಕ್ಕೆ, ಎರಡನೇ ವೇಷಧಾರಿ ಇನ್ನೊಂದಕ್ಕೆ ಹೋಗಬಹುದು. ಅದನ್ನು ಯಾರೂ ಒಡಕು ಎನ್ನುವುದಿಲ್ಲ. ಕಲಾವಿದರು ತಮ್ಮ ಅನುಭವವನ್ನು ವರ್ಷಗಳಲ್ಲಿ ಎಣಿಸದೆ ತಿರುಗಾಟಗಳಲ್ಲಿ ಎಣಿಸುತ್ತಾರೆ. ‘ನನ್ನದು ಮೂವತ್ತು ತಿರುಗಾಟ’ ಎಂದರೆ ಮೂವತ್ತು ಬಾರಿ ಕಟ್ಟಿದ, ಮೂವತ್ತು ಬಾರಿ ಬಿಚ್ಚಿದ ಗೆಜ್ಜೆ ಎಂದು ಅರ್ಥ.

ಬಯಲುಸೀಮೆಯ ಊರ ನಾಟಕ ಇದಕ್ಕಿಂತಲೂ ಅಲ್ಪಾಯುಷಿ. ಚಿತ್ರದುರ್ಗ, ಹಿರಿಯೂರು ಕಡೆಯ ಹಳ್ಳಿಗಳಲ್ಲಿ ಡ್ರಾಮಾ ಮೇಷ್ಟ್ರು ಬಂದು ಹಾರ್ಮೋನಿಯಂ ಇಟ್ಟುಕೊಂಡು ಎರಡು ಮೂರು ತಿಂಗಳು ಕಲಿಸುತ್ತಾರೆ. ಸೀನರಿ, ಕಿರೀಟ, ಗದೆ ಬಾಡಿಗೆಗೆ ಬರುತ್ತವೆ. ಒಂದು ರಾತ್ರಿ ಆಟ ನಡೆಯುತ್ತದೆ. ಬೆಳಗಾದ ಮೇಲೆ ದುರ್ಯೋಧನ ಮತ್ತೆ ಹೊಲಕ್ಕೆ. ಇಲ್ಲಿ ಮೊದಲ ಆಟವೇ ಕೊನೆಯ ಆಟ.

ಮೊಕ್ಕಾಮಿನಲ್ಲಿ ನಿಂತುಹೋದವು

ವೃತ್ತಿ ಕಂಪನಿಗಳು ಋತುವಿನ ಮೇಲಲ್ಲ, ಗಲ್ಲಾಪೆಟ್ಟಿಗೆಯ ಮೇಲೆ ನಡೆದವು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಇವುಗಳಲ್ಲಿ ಹೆಸರಾದದ್ದು. ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನು ರಂಗಕ್ಕೆ ತಂದ ಕಂಪನಿ ಅದು. ಇಂಥ ಸಂಸಾರ ಊರಿಂದೂರಿಗೆ ಹೋಗುವುದು ಎಂದರೆ ತಗಡು, ಬೊಂಬು, ಪರದೆ, ಪಾತ್ರೆಪಡಗ, ಮಕ್ಕಳುಮರಿ ಎಲ್ಲವೂ ಏಳಬೇಕು. ರೈಲು ಇರುವ ಕಡೆ ಅದು ಸುಲಭ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಹಳಿ ಹೊಸದುರ್ಗ ರೋಡ್ ಮೂಲಕ ಹಾದು ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ನಿಗೆ ಬರುತ್ತದೆ. ಚಿತ್ರದುರ್ಗಕ್ಕೆ ಕವಲು ಒಡೆಯುವುದು ಅಲ್ಲಿಯೇ. ಬೆಂಗಳೂರು–ಪುಣೆ ಹೆದ್ದಾರಿ ಹಿರಿಯೂರು, ಚಿತ್ರದುರ್ಗಗಳನ್ನು ಮುಟ್ಟಿಕೊಂಡೇ ಹೋಗುತ್ತದೆ. ಹಳೆ ಮೈಸೂರಿನ ಕಂಪನಿ ಉತ್ತರಕ್ಕೆ, ಉತ್ತರದ್ದು ದಕ್ಷಿಣಕ್ಕೆ ಹೊರಟರೆ ಈ ಜಿಲ್ಲೆ ನಡುದಾರಿ. ಹಿರಿಯೂರಿನ ತೇರುಮಲ್ಲೇಶ್ವರ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ತೇರುಗಳಂಥ ಜಾತ್ರೆಗಳಲ್ಲಿ ಸೇರುವ ಜನವೇ ತಿರುಗುವ ಕಂಪನಿಗಳ ಬಂಡವಾಳ.

ಕಂಪನಿಗಳ ಭಿತ್ತಿಪತ್ರದಲ್ಲಿ ‘ಕೊನೆಯ ಆಟ’ ಎಂಬುದು ಸಾವಿನ ಸುದ್ದಿಯಲ್ಲ, ಮಾರಾಟದ ಮಾತು. ಕೊನೆಯ ಮೂರು ಆಟಗಳು ಎಂದು ಸಾರುವುದು, ಜನ ಮುಗಿಬಿದ್ದರೆ ‘ಪ್ರೇಕ್ಷಕರ ಒತ್ತಾಯದ ಮೇರೆಗೆ’ ಇನ್ನೊಂದು ವಾರ ಮುಂದುವರಿಸುವುದು ಎಲ್ಲರಿಗೂ ತಿಳಿದ ಉಪಾಯ. ನಿಜವಾದ ಕೊನೆಯ ಆಟವನ್ನು ಮಾತ್ರ ಯಾರೂ ಸಾರುತ್ತಿರಲಿಲ್ಲ, ಏಕೆಂದರೆ ಅದು ಕೊನೆಯದೆಂದು ಮಾಲೀಕನಿಗೂ ಆ ರಾತ್ರಿ ಗೊತ್ತಿರುತ್ತಿರಲಿಲ್ಲ. ಮಳೆ ಹಿಡಿಯಿತು, ಕಲೆಕ್ಷನ್ ಆಗಲಿಲ್ಲ, ಕಿರಾಣಿ ಅಂಗಡಿಯ ಸಾಲ ಏರಿತು, ನಟರು ಒಬ್ಬೊಬ್ಬರಾಗಿ ಬಸ್ಸು ಹತ್ತಿದರು. ಪರದೆಗಳು ಸಾಲ ಕೊಟ್ಟವರ ಪಾಲಾದವು. ಇತಿಹಾಸಕಾರನಿಗೆ ಇದರಿಂದ ಒಂದು ತೊಡಕು: ಕನ್ನಡದ ಕಂಪನಿಗಳ ಹುಟ್ಟಿದ ವರ್ಷ ಸಿಗುವಷ್ಟು ಸುಲಭವಾಗಿ ಮುಗಿದ ದಿನ ಸಿಗುವುದಿಲ್ಲ.

ಸಿನಿಮಾ ಕಂಪನಿಗಳ ಈ ಅಂತ್ಯವನ್ನು ಇನ್ನಷ್ಟು ಬೇಗ ತಂದಿತು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ತೆರೆಯ ಮೇಲೆ ಬಂದ ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಕಂಪನಿ ರಂಗದಲ್ಲಿ ಪಳಗಿದವರು. ಆ ಚಿತ್ರದ ಹಿಂದೆ ಗುಬ್ಬಿ ವೀರಣ್ಣನವರೇ ಇದ್ದರು. ಕಂಪನಿಯ ಮಾಲೀಕನೇ ತನ್ನ ನಟರನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿದ ಮೇಲೆ ಡೇರೆಯಲ್ಲಿ ಉಳಿಯುವವರು ಯಾರು? ವೀರಣ್ಣನವರು 1972ರಲ್ಲಿ ತೀರಿಕೊಂಡರು. ಕಂಪನಿಯ ಹೆಸರು ಅವರ ನಂತರವೂ ಕೆಲಕಾಲ ನಡೆಯಿತು.

ರಾಕ್ ತಂಡಗಳ ವಿದಾಯ

ಅಮೆರಿಕದಲ್ಲಿ ವಿದಾಯವೇ ಒಂದು ಕಲಾಪ್ರಕಾರವಾಯಿತು. ‘ದಿ ಬ್ಯಾಂಡ್’ ಎಂಬ ತಂಡ 1976ರ ನವೆಂಬರ್ 25ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆಸಿದ ಕಛೇರಿಯನ್ನು ಮಾರ್ಟಿನ್ ಸ್ಕಾರ್ಸೆಸಿ ಚಿತ್ರೀಕರಿಸಿ 1978ರಲ್ಲಿ ತೆರೆಗೆ ತಂದ. ಪರ್ಯಾಯ ರಾಕ್ ಎನ್ನಿಸಿಕೊಂಡ ಸ್ಮ್ಯಾಶಿಂಗ್ ಪಂಪ್ಕಿನ್ಸ್ ತಂಡ 2000ದ ಡಿಸೆಂಬರ್ 2ರಂದು ಶಿಕಾಗೋದ ಮೆಟ್ರೊ ಸಭಾಂಗಣದಲ್ಲಿ ನಾಲ್ಕು ಗಂಟೆಗೂ ಮಿಕ್ಕಿ ನುಡಿಸಿ ಕೈಮುಗಿಯಿತು. 2007ರಲ್ಲಿ ಮತ್ತೆ ವೇದಿಕೆಗೆ ಬಂತು. ನಮ್ಮ ಕಂಪನಿಗಳ ಭಿತ್ತಿಪತ್ರ ನೋಡಿದವರಿಗೆ ಇದೇನೂ ಆಶ್ಚರ್ಯವಲ್ಲ. ಆರ್.ಇ.ಎಂ. ತಂಡದ್ದು ಬೇರೆ ದಾರಿ. 1980ರಲ್ಲಿ ಜಾರ್ಜಿಯಾದ ಅಥೆನ್ಸ್ ಪಟ್ಟಣದಲ್ಲಿ ಸೇರಿದ ನಾಲ್ವರಲ್ಲಿ ಡ್ರಮ್ ನುಡಿಸುತ್ತಿದ್ದ ಬಿಲ್ ಬೆರ್ರಿ 1997ರಲ್ಲಿ ಹೊರಬಂದ. ಉಳಿದ ಮೂವರ ಕೊನೆಯ ಪ್ರವಾಸ 2008ರ ನವೆಂಬರ್ 18ರಂದು ಮೆಕ್ಸಿಕೋ ನಗರದಲ್ಲಿ ಮುಗಿಯಿತು. ತಂಡ ವಿಸರ್ಜನೆಯಾಯಿತೆಂದು ಅವರು ಪ್ರಕಟಿಸಿದ್ದು 2011ರ ಸೆಪ್ಟೆಂಬರ್ 21ಕ್ಕೆ. ಆ ರಾತ್ರಿ ಮೆಕ್ಸಿಕೋದಲ್ಲಿ ಇದ್ದವರಿಗೆ ತಾವು ಕೊನೆಯದನ್ನು ಕೇಳಿದೆವೆಂದು ತಿಳಿಯಲು ಸುಮಾರು ಮೂರು ವರ್ಷ ಹಿಡಿಯಿತು.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರ ‘ಅಂತರಾಗ್ನಿ’. ಆ ತಂಡ ಒಡೆದ ಬಳಿಕ ಅವರು ಇನ್ನೊಂದು ಬ್ಯಾಂಡ್ ಕಟ್ಟಲಿಲ್ಲ. ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂದು ಹೆಸರಿಟ್ಟು, ಬೇರೆ ಬೇರೆ ಹಿನ್ನೆಲೆಯ ವಾದಕರು ಬಂದುಹೋಗಬಹುದಾದ ಮನೆ ಮಾಡಿದರು. ಬಾಗಿಲು ತೆರೆದೇ ಇರುವ ಮನೆಯಿಂದ ಹೊರಟ ವಾದಕರು ತಂಡ ಬಿಟ್ಟು ಹೋದರು ಎನ್ನಲಾಗದು. ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರಿಗೆ ಹೊಂದಿಸಿದ 2008ರ ಮೊದಲ ಆಲ್ಬಂಗೆ ಒಡೆದುಹೋದ ತಂಡದ ಹೆಸರನ್ನೇ ಇಟ್ಟದ್ದು ವಿಶೇಷ.

ಚಿತ್ರದುರ್ಗ, ಹೊಳಲ್ಕೆರೆಗಳ ಗಣಪತಿ ಪೆಂಡಾಲುಗಳಿಗೆ ಬರುವುದು ರಾಕ್ ಬ್ಯಾಂಡ್ ಅಲ್ಲ, ಆರ್ಕೆಸ್ಟ್ರಾ. ಕೀಬೋರ್ಡು, ರಿದಂ ಪ್ಯಾಡು, ಇಬ್ಬರು ಮೂವರು ಗಾಯಕರು. ಗಾಯಕನೊಬ್ಬ ಹೊರಟರೆ ಮರುವರ್ಷ ಅವನದೇ ಬ್ಯಾನರು ಕಾಣುತ್ತದೆ. ವಿಸರ್ಜನೆಯ ಸಮಾಚಾರ ಅಷ್ಟೇ.

ಶಿವಸಂಚಾರ

ಶಿವಸಂಚಾರಕ್ಕೂ ಮೊದಲು, 1949ರಲ್ಲಿ ಹೆಗ್ಗೋಡಿನಲ್ಲಿ ಆರಂಭವಾದ ರಂಗಸಂಸ್ಥೆ ನೀನಾಸಂ, ಕೆ.ವಿ. ಸುಬ್ಬಣ್ಣನವರ ಮುಂದಾಳತ್ವದಲ್ಲಿ 1985ರಲ್ಲಿ ‘ತಿರುಗಾಟ’ವನ್ನು ಹೊರಡಿಸಿತು. ಹೆಸರು ಮೇಳದ್ದು, ಕ್ರಮವೂ ಬಹುಮಟ್ಟಿಗೆ ಮೇಳದ್ದೇ. ಮಳೆಗಾಲದಲ್ಲಿ ತಾಲೀಮು, ಮಳೆ ನಿಂತ ಮೇಲೆ ಪ್ರಯಾಣ, ಬೇಸಿಗೆಯ ಹೊತ್ತಿಗೆ ಮುಕ್ತಾಯ. ಸರ್ಕಾರ 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ತೆರೆದಾಗ ಬಿ.ವಿ. ಕಾರಂತರ ಕೈಕೆಳಗೆ ಬಂದ ಕಲಾವಿದರು ಒಂದೇ ರಂಗದಲ್ಲಿ ಬಹುಕಾಲ ಉಳಿದು ಒಟ್ಟಿಗೆ ನುರಿತರು, ಒಟ್ಟಿಗೆ ವಯಸ್ಸಾದರು. ರಂಗಾಯಣದ ಬಗೆಯಲ್ಲಿ ಪಕ್ವತೆ ಸಿಗುತ್ತದೆ, ತಿರುಗಾಟದ ಬಗೆಯಲ್ಲಿ ಹೊಸ ರಕ್ತ. ಸಾಣೇಹಳ್ಳಿ ಎರಡನೆಯದನ್ನು ಆರಿಸಿಕೊಂಡಿತು.

ಸಾಣೇಹಳ್ಳಿಯದು ಸಿರಿಗೆರೆಯ ತರಳಬಾಳು ಬೃಹನ್ಮಠದ ಶಾಖಾಮಠ. ಸಿರಿಗೆರೆಯ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿ ಸ್ವತಃ ನಾಟಕ ಬರೆದವರು; ‘ಮರಣವೇ ಮಹಾನವಮಿ’, ‘ಶರಣಸತಿ ಲಿಂಗಪತಿ’ ಅವರ ಕೃತಿಗಳು. ಅವರ ಶಿಷ್ಯ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 1987ರಲ್ಲಿ ಗುರುವಿನ ಹೆಸರಿನಲ್ಲೇ ಶ್ರೀ ಶಿವಕುಮಾರ ಕಲಾಸಂಘ ಸ್ಥಾಪಿಸಿದರು. ಸಂಚಾರಿ ತಂಡದ ಯೋಚನೆಗೆ ಒತ್ತಾಸೆಯಾದವರು ಸಿಜಿಕೆ ಎಂದೇ ಹೆಸರಾದ ಸಿ.ಜಿ. ಕೃಷ್ಣಸ್ವಾಮಿ: ಬೆಂಗಳೂರು ವಿಶ್ವವಿದ್ಯಾಲಯದ ಅರ್ಥಶಾಸ್ತ್ರದ ಮೇಷ್ಟ್ರು, ‘ಸಮುದಾಯ’ ಚಳವಳಿಯವರು, ದೇವನೂರ ಮಹಾದೇವರ ‘ಒಡಲಾಳ’ವನ್ನು ರಂಗಕ್ಕೆ ತಂದವರು. ಬೀದಿನಾಟಕದಿಂದ ಬಂದ ಎಡಪಂಥೀಯ ನಿರ್ದೇಶಕ ಮತ್ತು ಕಾವಿ ತೊಟ್ಟ ಮಠಾಧೀಶ ಒಂದೇ ರಂಗಕ್ಕೆ ಹೆಗಲು ಕೊಟ್ಟದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಹನ್ನೆರಡನೆಯ ಶತಮಾನದ ಶರಣರು ಇಬ್ಬರಿಗೂ ಬೇಕಾಗಿದ್ದರು, ಬಹುಶಃ ಬೇರೆ ಬೇರೆ ಕಾರಣಕ್ಕೆ. ಸಿಜಿಕೆ 2006ರಲ್ಲಿ ನಿಧನರಾದರು.

ಶಿವಸಂಚಾರದ ವರ್ಷ ಹೀಗೆ ಸಾಗುತ್ತದೆ. ಕಲಾವಿದರನ್ನು ಸಂದರ್ಶನ ನಡೆಸಿ ಆರಿಸಿಕೊಳ್ಳುತ್ತಾರೆ. ಮಠದ ಆವರಣದಲ್ಲೇ ಊಟ, ವಸತಿ, ತಾಲೀಮು. ಹೊರಗಿನಿಂದ ಬಂದ ನಿರ್ದೇಶಕರ ಕೈಯಲ್ಲಿ ಮೂರು ನಾಟಕಗಳು ಸಿದ್ಧವಾಗಿ, ಕನ್ನಡ ರಾಜ್ಯೋತ್ಸವದ ಬೆನ್ನಿಗೇ ಬರುವ ನಾಟಕೋತ್ಸವದಲ್ಲಿ ಊರಿನ ಬಯಲು ರಂಗಮಂದಿರದಲ್ಲಿ ಮೊದಲ ಪ್ರದರ್ಶನ ಕಾಣುತ್ತವೆ. ಗ್ರೀಕ್ ರಂಗಭೂಮಿಯ ಮಾದರಿಯಲ್ಲಿ ಅರ್ಧಚಂದ್ರಾಕಾರವಾಗಿ ಮೆಟ್ಟಿಲು ಕಟ್ಟಿದ ಆ ರಂಗಮಂದಿರಕ್ಕೆ ಆ ವಾರ ಸುತ್ತಲ ಹಳ್ಳಿಗಳೇ ಇಳಿದು ಬರುತ್ತವೆ. ಹಬ್ಬ ಮುಗಿದ ಮೇಲೆ ವಾಹನಕ್ಕೆ ರಂಗಸಜ್ಜಿಕೆ, ದೀಪ, ವಾದ್ಯ ತುಂಬಿ ತಂಡ ಹೊರಡುತ್ತದೆ.

ಆಮೇಲಿನ ತಿಂಗಳುಗಳು ಕಂಪನಿ ಬದುಕಿಗಿಂತ ತೀರಾ ಬೇರೆ. ಕಂಪನಿ ಒಂದು ಊರಿನಲ್ಲಿ ತಿಂಗಳುಗಟ್ಟಲೆ ಬೇರೂರುತ್ತಿತ್ತು. ಸಂಚಾರಿ ತಂಡಕ್ಕೆ ಒಂದೂರಲ್ಲಿ ಒಂದೋ ಮೂರೋ ರಾತ್ರಿ. ಟಿಕೆಟ್ಟಿನ ಹಣದ ಭಯವಿಲ್ಲ, ಏಕೆಂದರೆ ಕರೆಸಿಕೊಂಡ ಸ್ಥಳೀಯ ಸಂಘವೋ ಕಾಲೇಜೋ ಮಠವೋ ಹಣ, ಊಟ, ವಸತಿಗೆ ಹೊಣೆ. ಹಗಲು ಸಾಮಾನು ಇಳಿಸುವ ನಟನೇ ರಾತ್ರಿ ಬಸವಣ್ಣ. ಆಟ ಮುಗಿದ ಮೇಲೆ ಮತ್ತೆ ಸಾಮಾನು ಹೊರುವವನೂ ಅವನೇ. ಚಿತ್ರದುರ್ಗದ ಮುರುಘಾ ಮಠದ ಜಮುರಾ ಕಲಾವಿದರೂ ಇದೇ ಬಗೆಯಲ್ಲಿ ಹೊರಟಾಗ ತಮ್ಮ ಪಯಣವನ್ನು ‘ಸುತ್ತಾಟ’ ಎಂದು ಕರೆದರು. ತಿರುಗಾಟ, ಸಂಚಾರ, ಸುತ್ತಾಟ: ಮೂರು ತಂಡಗಳು ಮೂರು ಸಮಾನಾರ್ಥಕ ಪದಗಳನ್ನು ಹಂಚಿಕೊಂಡಂತಿದೆ.

ಕೊನೆಯ ಆಟದ ನಂತರ ಉಡುಪು, ಪರಿಕರಗಳು ಸಾಣೇಹಳ್ಳಿಗೆ ಮರಳುತ್ತವೆ. ಕಲಾವಿದರು ತಮ್ಮ ತಮ್ಮ ಊರಿಗೆ. ಕೆಲವರು ಇನ್ನೊಂದು ವರ್ಷಕ್ಕೆ ನಿಲ್ಲುತ್ತಾರೆ, ಕೆಲವರು ಧಾರಾವಾಹಿ, ಸಿನಿಮಾ ಕಡೆ ಹೊರಡುತ್ತಾರೆ, ಶಾಲೆಗಳಲ್ಲಿ ನಾಟಕ ಕಲಿಸುವವರೂ ಇದ್ದಾರೆ. 2008ರಲ್ಲಿ ಇಲ್ಲೇ ಆರಂಭವಾದ ಶಿವಕುಮಾರ ರಂಗಪ್ರಯೋಗ ಶಾಲೆಯಿಂದ ತಂಡಕ್ಕೆ ಹೊಸಬರೂ ದೊರೆಯುತ್ತಾರೆ. ಈ ಕ್ರಮದ ನಷ್ಟವನ್ನೂ ಹೇಳಬೇಕು. ನೂರಾರು ರಾತ್ರಿ ಒಟ್ಟಿಗೆ ಆಡಿ, ಒಬ್ಬರ ಉಸಿರಿನ ಲೆಕ್ಕ ಇನ್ನೊಬ್ಬರಿಗೆ ಸಿಕ್ಕುವ ಹೊತ್ತಿಗೆ ತಂಡ ಚದುರುತ್ತದೆ. ನಾಟಕ ಅತ್ಯಂತ ಹದಕ್ಕೆ ಬರುವುದು ಅದು ಮುಗಿಯುವ ವಾರದಲ್ಲಿ. ಮೊದಲ ಪ್ರದರ್ಶನವನ್ನು ಉತ್ಸವದಲ್ಲಿ ನೋಡಿದ ವಿಮರ್ಶಕರಿಗಿಂತ ಕೊನೆಗೆ ನೋಡಿದ ಯಾವುದೋ ದೂರದ ಊರಿನವರೇ ಭಾಗ್ಯವಂತರು. ಲಾಭದ ಕಡೆ ನೋಡಿದರೆ, ಜಗಳ ಹಳೆಯದಾಗುವಷ್ಟು ಕಾಲ ಯಾರೂ ಜೊತೆಗಿರುವುದಿಲ್ಲ. ಎಷ್ಟೋ ರಾಕ್ ತಂಡಗಳನ್ನು ಒಡೆದದ್ದು ಹಳೆಯ ಜಗಳವೇ.

ಋತುವಿನ ಆಚೆಗೂ ತಂಡ ಹೊರಟದ್ದುಂಟು. 2019ರ ಆಗಸ್ಟ್‌ನಲ್ಲಿ ಪಂಡಿತಾರಾಧ್ಯ ಸ್ವಾಮೀಜಿ ‘ಮತ್ತೆ ಕಲ್ಯಾಣ’ ಅಭಿಯಾನಕ್ಕಾಗಿ ತಿಂಗಳಿಡೀ ಜಿಲ್ಲೆಯಿಂದ ಜಿಲ್ಲೆಗೆ ಹೋದಾಗ, ಸಂಜೆಯ ಸಭೆಯ ನಂತರ ಶಿವಸಂಚಾರದ ಕಲಾವಿದರು ‘ಮೋಳಿಗೆ ಮಾರಯ್ಯ’ ಆಡಿದರು. ಆ ಯಾತ್ರೆ ಬಸವಕಲ್ಯಾಣದಲ್ಲಿ ಮುಗಿಯಿತು.

ಪಂಚಾಂಗದ ಲೆಕ್ಕವೂ ತಪ್ಪಿದ ವರ್ಷ 2020. ಮಾರ್ಚ್ ನಡುವಿನಲ್ಲಿ ಜನ ಸೇರುವುದಕ್ಕೆ ನಿರ್ಬಂಧ ಬಂತು, 24ರ ರಾತ್ರಿ ದೇಶವೇ ಲಾಕ್‌ಡೌನ್ ಆಯಿತು. ಹೊರಟಿದ್ದ ತಂಡಗಳಿಗೆ ಉಳಿದ ಆಟಗಳು ಉಳಿದೇ ಹೋದವು. ಕರಾವಳಿಯಲ್ಲಿ ಪತ್ತನಾಜೆಗೆ ಎರಡು ತಿಂಗಳು ಮೊದಲೇ ವೇಷ ಕಟ್ಟುವ ಚೌಕಿಗಳು ಖಾಲಿಯಾದವು. ಆ ವರ್ಷದ ಕೊನೆಯ ಆಟ ಕಂಪನಿಗಳ ಕಾಲದಂತೆಯೇ, ಕೊನೆಯದೆಂದು ಆಡಿದವರಿಗೆ ತಿಳಿಯದ ಆಟವಾಯಿತು.