ಹತ್ತು ಸಾವಿರದ ಎಲ್‌ಇಡಿ ಟೀವಿ: ಗಡಿಯೂರಿನವರು ತಿಳಿದಿರಬೇಕಾದ ಸಂಗತಿಗಳು

ಗುಮ್ಮಳಾಪುರ: ಕೃಷ್ಣಗಿರಿ ಜಿಲ್ಲೆಯ ತಳಿ ಸೀಮೆಯಲ್ಲಿ ಕರ್ನಾಟಕದ ಗಡಿಗೆ ಹತ್ತಿಕೊಂಡಿರುವ ಊರು ಗುಮ್ಮಳಾಪುರ. ಹೊರಗಿನ ಓದುಗರಿಗೆ ಈ ಹೆಸರು ಗೊತ್ತಿದ್ದರೆ ಅದು ಕೆನೆತ್ ಆಂಡರ್ಸನ್ 1954ರ ತಮ್ಮ ಪುಸ್ತಕದಲ್ಲಿ ಬರೆದ ನರಭಕ್ಷಕ ಚಿರತೆಯ ಕತೆಯಿಂದ. ಒಳಗಿನವರಿಗೆ ಗೊತ್ತಿರುವ ಗುಮ್ಮಳಾಪುರವೇ ಬೇರೆ. ರೇಷನ್ ಕಾರ್ಡು ತಮಿಳಿನಲ್ಲಿ, ಮನೆಮಾತು ಕನ್ನಡದಲ್ಲಿ, ನೆಂಟಸ್ತಿಕೆ ಗಡಿಯ ಎರಡೂ ಕಡೆ. ಇಂಥ ಊರಿನಲ್ಲಿ ಒಂದು ಅಗ್ಗದ ಟೀವಿ ಕೊಳ್ಳುವುದೂ ಬೇರೆ ಕಡೆಯಷ್ಟು ಸಲೀಸಲ್ಲ. ಹೊಸೂರಿನಲ್ಲಿ ಕೊಳ್ಳಬೇಕೋ ಆನೇಕಲ್ಲಿನಲ್ಲೋ, ಕೆಟ್ಟರೆ ಯಾರನ್ನು ಕೇಳಬೇಕು, ಕನ್ನಡ ಚಾನೆಲ್ ಬರುತ್ತದೋ ಇಲ್ಲವೋ ಎಂಬ ಪ್ರಶ್ನೆಗಳೆಲ್ಲ ಬೆಲೆಯ ಚೀಟಿಯ ಹಿಂದೆ ಅಡಗಿರುತ್ತವೆ.

ಸರ್ಕಾರಿ ಟೀವಿಯಿಂದ ಗೋಡೆ ಟೀವಿಗೆ

ಈ ಭಾಗದ ಅನೇಕ ಬಡ ಮನೆಗಳಿಗೆ ಮೊದಲ ಬಣ್ಣದ ಟೀವಿ ಅಂಗಡಿಯಿಂದ ಬಂದದ್ದಲ್ಲ, ಸರ್ಕಾರದಿಂದ ಬಂದದ್ದು. 2006ರ ಚುನಾವಣೆಯಲ್ಲಿ ಡಿಎಂಕೆ ಕೊಟ್ಟ ಮಾತಿನಂತೆ ಮುಖ್ಯಮಂತ್ರಿ ಎಂ. ಕರುಣಾನಿಧಿ ಅದೇ ವರ್ಷ ಸೆಪ್ಟೆಂಬರ್ 15ರಂದು, ಅಣ್ಣಾದುರೈ ಹುಟ್ಟಿದ ದಿನ, ಉಚಿತ ಕಲರ್ ಟೀವಿ ಯೋಜನೆಗೆ ಚಾಲನೆ ಕೊಟ್ಟರು. 14 ಇಂಚಿನ, ಹಿಂದೆ ಡುಬ್ಬವಿರುವ ಹಳೆಯ ಟ್ಯೂಬಿನ ಟೀವಿ ಅದು. 2011ರಲ್ಲಿ ಸರ್ಕಾರ ಬದಲಾಗಿ ಮಿಕ್ಸಿ, ಗ್ರೈಂಡರ್, ಫ್ಯಾನುಗಳ ಕಾಲ ಬರುವಷ್ಟರಲ್ಲಿ ರಾಜ್ಯದಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಟೀವಿಗಳು ಹಂಚಿಕೆಯಾಗಿದ್ದವು. ಗಡಿಯ ಈಚೆಯ ಮನೆಗೆ ಟೀವಿ ಬಂತು, ಆಚೆ ಆನೇಕಲ್ ಕಡೆಯ ನೆಂಟರಿಗೆ ಬರಲಿಲ್ಲ! ಚುನಾವಣೆಗೆ ಮುನ್ನ ಇಂಥ ಭರವಸೆ ಕೊಡುವುದು ಸರಿಯೇ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2013ರ ಜುಲೈ 5ರಂದು ಕೋರ್ಟು ಅದು ಕಾನೂನಿನಂತೆ ಭ್ರಷ್ಟ ಆಚರಣೆಯಲ್ಲ ಎಂದಿತಾದರೂ, ಪ್ರಣಾಳಿಕೆಗಳಿಗೆ ಮಾರ್ಗಸೂಚಿ ರೂಪಿಸುವಂತೆ ಚುನಾವಣಾ ಆಯೋಗಕ್ಕೆ ಹೇಳಿತು.

ಆ ಟೀವಿ ಬಂದ ದಿನಗಳಲ್ಲಿ ಚಪ್ಪಟೆ ಟೀವಿ ಎಂದರೆ ಬೆಂಗಳೂರಿನ ಶೋರೂಮಿನ ಗಾಜಿನಾಚೆ ನಿಂತು ನೋಡುವ ವಸ್ತು. 32 ಇಂಚಿನ ಎಲ್‌ಸಿಡಿಗೆ ಐವತ್ತು ಸಾವಿರ ರೂಪಾಯಿಗೂ ಹೆಚ್ಚು ಬೆಲೆ. ಮುಂದೆ ಪರದೆ ತಯಾರಿಸುವ ದೊಡ್ಡ ಕಾರ್ಖಾನೆಗಳು ಚೀನಾದಲ್ಲಿ ಎದ್ದವು, ಪರದೆಯ ಬೆಲೆ ಇಳಿಯಿತು. 2018ರ ಮಾರ್ಚ್‌ನಲ್ಲಿ ಶಿಯೋಮಿ ಕಂಪನಿ 32 ಇಂಚಿನ ಸ್ಮಾರ್ಟ್ ಟೀವಿಯನ್ನು 13,999 ರೂಪಾಯಿಗೆ ಬಿಟ್ಟ ಮೇಲಂತೂ ಉಳಿದವರೂ ಬೆಲೆ ಇಳಿಸಬೇಕಾಯಿತು. ಈಗ ಹತ್ತು ಸಾವಿರದ ಆಸುಪಾಸಿನಲ್ಲಿ ಅದೇ ಅಳತೆಯ ಟೀವಿ ಸಿಗುತ್ತದೆ.

ತೆರಿಗೆಯೂ ಇಳಿದಿದೆ. 32 ಇಂಚಿನವರೆಗಿನ ಟೀವಿಗೆ 2019ರ ಜನವರಿ 1ರಿಂದ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಬಂತು. ಅದಕ್ಕಿಂತ ದೊಡ್ಡ ಟೀವಿಗಳಿಗೆ ಈ ಇಳಿಕೆ ಸಿಕ್ಕಿದ್ದು 2025ರ ಸೆಪ್ಟೆಂಬರ್ 22ರಿಂದ. ಅಂಗಡಿಗಳಲ್ಲಿ ಅಗ್ಗದ ಟೀವಿ ಎಂದರೆ 32 ಇಂಚು ಎಂದೇ ಆಗಿಹೋಗಿರುವುದಕ್ಕೆ ಈ ತೆರಿಗೆಯ ಗೆರೆಯೂ ಒಂದು ಕಾರಣ.

ಚಿತ್ರ ಮಸುಕು ಏಕೆ?

ಹೊಸ ಟೀವಿ ಹಚ್ಚಿದ ದಿನವೇ ಕೇಳಿಬರುವ ದೂರು ಇದು: "ಹಳೇ ಟೀವೀಲೇ ಚೆನ್ನಾಗಿ ಕಾಣ್ತಿತ್ತು." ಹೇಳುವವರು ಸುಳ್ಳು ಹೇಳುತ್ತಿಲ್ಲ. ಕೇಬಲ್‌ನಲ್ಲಿ ಬರುವ ಸಾಧಾರಣ ಚಾನೆಲ್ಲಿನ ಚಿತ್ರದಲ್ಲಿ ಇರುವುದು 576 ಗೆರೆಗಳು. 14 ಇಂಚಿನ ಟ್ಯೂಬಿನಲ್ಲಿ ಅಷ್ಟು ಧಾರಾಳವಾಗಿ ಸಾಕು. ಅದೇ ಚಿತ್ರವನ್ನು ಎರಡು ಪಟ್ಟಿಗಿಂತ ಅಗಲವಾದ ಪರದೆಗೆ ಹಿಗ್ಗಿಸಿದಾಗ ಅದರ ಬಡತನ ಬಯಲಾಗುತ್ತದೆ. ಎಚ್‌ಡಿ ಚಾನೆಲ್ ಅಥವಾ ಎಚ್‌ಡಿ ಸೆಟ್‌ಟಾಪ್ ಬಾಕ್ಸ್ ಇಲ್ಲದೆ ಟೀವಿಯನ್ನು ಬೈದು ಫಲವಿಲ್ಲ. ಬಾಕ್ಸಿನಿಂದ ಟೀವಿಗೆ ಹಳದಿ, ಕೆಂಪು, ಬಿಳಿ ಪಿನ್ನಿನ ವೈರು ಬಿಟ್ಟು ಎಚ್‌ಡಿಎಂಐ ವೈರು ಹಾಕಿದರೂ ಸ್ವಲ್ಪ ಗುಣ ಕಾಣುತ್ತದೆ.

ಜನರೆಲ್ಲ ದಪ್ಪಗೆ ಕಂಡರೆ ಅದು ಬೇರೆ ಸಂಗತಿ. ಹಳೆಯ ಚಿತ್ರಗಳ ಅಗಲ-ಎತ್ತರ 4:3, ಈಗಿನ ಪರದೆ 16:9. ಹಳೆಯ ಕಪ್ಪು-ಬಿಳುಪು ಸಿನಿಮಾ ಬಂದಾಗ ಟೀವಿ ಅದನ್ನು ಅಡ್ಡಕ್ಕೆ ಎಳೆದು ತುಂಬಿಸುತ್ತದೆ. ರಿಮೋಟಿನಲ್ಲಿ ಚಿತ್ರದ ಅಳತೆ ಬದಲಿಸಿದರೆ ಇಬ್ಬದಿಯಲ್ಲೂ ಕಪ್ಪು ಪಟ್ಟಿ ಬಂದು ಮುಖಗಳು ಮೊದಲಿನಂತಾಗುತ್ತವೆ.

ಪೆಟ್ಟಿಗೆಯ ಮೇಲೆ ಎಚ್‌ಡಿ ರೆಡಿ ಎಂದಿದ್ದರೆ 1366 ಅಡ್ಡ, 768 ಉದ್ದದ ಚುಕ್ಕಿಗಳು ಎಂದರ್ಥ. ಫುಲ್ ಎಚ್‌ಡಿ ಎಂದರೆ 1920 ಮತ್ತು 1080. ಐದಾರು ಅಡಿ ದೂರದಿಂದ 32 ಇಂಚಿನಲ್ಲಿ ಈ ವ್ಯತ್ಯಾಸ ಹೆಚ್ಚೇನೂ ಕಾಣದು. ಅದಕ್ಕಾಗಿ ಸಾವಿರಗಟ್ಟಲೆ ಹೆಚ್ಚು ಕೊಡುವ ಬದಲು ಆ ಹಣವನ್ನು ಸರ್ವಿಸ್ ಇರುವ ಕಂಪನಿಯ ಮೇಲೆ ಹಾಕುವುದು ಜಾಣತನ.

ಬಿಲ್ಲು ಬೇಡವೆಂದರೆ ಕಡಿಮೆ!

ಗಡಿಯೂರಿನವರು ಹೆಚ್ಚು ಕಳೆದುಕೊಳ್ಳುವುದು ಇಲ್ಲೇ. ಬಿಡಿಭಾಗ ತಂದು ಜೋಡಿಸಿ, ಮೇಲೊಂದು ಹೆಸರಾಂತ ಕಂಪನಿಯನ್ನೇ ಹೋಲುವ ಸ್ಟಿಕ್ಕರ್ ಅಂಟಿಸಿದ ಟೀವಿಗಳು ನಗರದ ಸಂದಿಗಳಲ್ಲಿ ಬಿಲ್ಲಿಲ್ಲದೆ ಮಾರಾಟವಾಗುತ್ತವೆ. ಬಿಲ್ಲು ಬೇಡ ಎಂದರೆ ಸಾವಿರ, ಒಂದೂವರೆ ಸಾವಿರ ಬಿಡುವುದೂ ಉಂಟು. ಲೆಕ್ಕ ಸರಳ. ಹತ್ತು ಸಾವಿರದ ಬೆಲೆಯೊಳಗೆ ಶೇ. 18ರ ತೆರಿಗೆ ಸುಮಾರು 1,525 ರೂಪಾಯಿ. ಬಿಟ್ಟುಕೊಟ್ಟಂತೆ ಕಾಣುವ ಹಣ ಅಂಗಡಿಯವನ ಜೇಬಿನದಲ್ಲ, ಸರ್ಕಾರಕ್ಕೆ ಕಟ್ಟದೆ ಉಳಿಸಿದ್ದು. ಕೊಳ್ಳುವವರ ಕೈಬಿಟ್ಟು ಹೋಗುವುದು ವಾರಂಟಿ.

ಜಿಎಸ್‌ಟಿ ಬಂದ 2017ರ ಜುಲೈಗೆ ಮುಂಚೆ ಎರಡು ರಾಜ್ಯಗಳ ತೆರಿಗೆ ಪದ್ಧತಿ ಬೇರೆ ಬೇರೆ ಇತ್ತು, ನಡುವೆ ಚೆಕ್‌ಪೋಸ್ಟೂ ಇತ್ತು. ಈಗ ಹೊಸೂರಿನಲ್ಲೂ ಬೆಂಗಳೂರಿನಲ್ಲೂ ತೆರಿಗೆ ಒಂದೇ. ಮನೆಗೆಂದು ಬಿಲ್ಲಿನೊಂದಿಗೆ ಒಂದು ಟೀವಿ ತರುವವರಿಗೆ ಗಡಿಯಲ್ಲಿ ಅಂಜಿಕೆ ಬೇಕಿಲ್ಲ. "ಆ ಕಡೆ ತೆರಿಗೆ ಕಡಿಮೆ" ಎನ್ನುವ ಮಾತು ಹಳೆಯ ಕಾಲದ್ದು.

ಅಸಲಿ ಸರಕು ಹೌದೋ ಅಲ್ಲವೋ ನೋಡಲು ಒಂದು ದಾರಿಯಿದೆ. 2012ರ ಕೇಂದ್ರ ಸರ್ಕಾರದ ಆದೇಶದಿಂದ ಟೀವಿಗಳಿಗೆ ಬಿಐಎಸ್ ನೋಂದಣಿ ಕಡ್ಡಾಯವಾಗತೊಡಗಿತು. ಟೀವಿಯ ಹಿಂಬದಿಯಲ್ಲಿ ಬಿಐಎಸ್ ಗುರುತು, ಅದರ ಜತೆ 'ಆರ್' ಅಕ್ಷರ ಮತ್ತು ಎಂಟು ಅಂಕಿಗಳ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಆ ಸಂಖ್ಯೆ ಒತ್ತಿದರೆ ತಯಾರಕರ ಹೆಸರು ಬರುತ್ತದೆ. ಬಾರದಿದ್ದರೆ, ಅಥವಾ ಬೇರೆ ಹೆಸರು ಬಂದರೆ, ಟೀವಿ ಅಲ್ಲೇ ಬಿಟ್ಟು ಬರುವುದು ಲೇಸು.

ಆನೇಕಲ್ಲಿನ ನೆಂಟರ ವಿಳಾಸ ಕೊಟ್ಟು ಆನ್‌ಲೈನಿನಲ್ಲಿ ತರಿಸಿಕೊಳ್ಳುವ ರೂಢಿಯೂ ಇದೆ. ವಾರಂಟಿ ನೋಂದಾಯಿಸುವಾಗ ಮಾತ್ರ ಟೀವಿ ಎಲ್ಲಿ ಇರುತ್ತದೋ ಅಲ್ಲಿನ ಪಿನ್‌ಕೋಡನ್ನೇ ಕೊಡಬೇಕು. 562ರಿಂದ ಶುರುವಾಗುವ ಪಿನ್ ಕೊಟ್ಟು 635ರ ಊರಿಗೆ ಮೆಕ್ಯಾನಿಕ್ ಬಾ ಎಂದರೆ ಅವರು ಇದು ನಮ್ಮ ವ್ಯಾಪ್ತಿಯಲ್ಲ ಎಂದು ಕೈತೊಳೆದುಕೊಳ್ಳುತ್ತಾರೆ. ಕೊಳ್ಳುವ ಮುನ್ನವೇ ಕಂಪನಿಯ ಸಹಾಯವಾಣಿಗೆ ಫೋನು ಮಾಡಿ ತಮ್ಮ ಪಿನ್ ಹೇಳಿ, ಮನೆಗೆ ಬರುತ್ತಾರೋ ಟೀವಿಯನ್ನೇ ಹೊಸೂರಿಗೆ ಹೊತ್ತು ತರಬೇಕೋ ಎಂದು ಕೇಳಿಟ್ಟುಕೊಳ್ಳಬೇಕು.

ಕಾನೂನು ಈ ವಿಷಯದಲ್ಲಿ ಗಡಿಯವರ ಪರವಾಗಿ ಬದಲಾಗಿದೆ. 1986ರ ಹಳೆಯ ಗ್ರಾಹಕ ಕಾಯ್ದೆಯಲ್ಲಿ ಅಂಗಡಿ ಇರುವ ಅಥವಾ ವ್ಯವಹಾರ ನಡೆದ ಜಿಲ್ಲೆಯಲ್ಲೇ ದೂರು ಕೊಡಬೇಕಿತ್ತು. ಬೆಂಗಳೂರಿನಲ್ಲಿ ಕೊಂಡರೆ ಬೆಂಗಳೂರಿಗೇ ಅಲೆದಾಟ. 2019ರ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂದ ಮೇಲೆ ಗ್ರಾಹಕ ತಾನು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ದಾಖಲಿಸಬಹುದು. ಸರಕಿನ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ತೊಂದರೆಯಾದ ಎರಡು ವರ್ಷದೊಳಗೆ ಹೋಗಬೇಕು. ಅದಕ್ಕೂ ಮೊದಲು 1915ಕ್ಕೆ ಫೋನು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಕನ್ನಡದಲ್ಲೂ ತಮಿಳಿನಲ್ಲೂ ಮಾತನಾಡಬಹುದು. ಇಷ್ಟಕ್ಕೆಲ್ಲ ಆಧಾರ ಆ ಬಿಲ್ಲಿನ ಚೀಟಿ. ಈಗಿನ ಬಿಲ್ಲುಗಳ ಶಾಯಿ ಆರು ತಿಂಗಳಿಗೆ ಅಳಿಸಿಹೋಗುವುದರಿಂದ ಕೊಂಡ ದಿನವೇ ಮೊಬೈಲಿನಲ್ಲಿ ಅದರ ಫೋಟೋ ತೆಗೆದಿಡಬೇಕು.

ಕನ್ನಡ ಬರುತ್ತದೆಯೇ?

ತಮಿಳುನಾಡು ಸರ್ಕಾರದ ಅರಸು ಕೇಬಲ್ 2011ರ ಸೆಪ್ಟೆಂಬರಿನಲ್ಲಿ ತಿಂಗಳಿಗೆ 70 ರೂಪಾಯಿಗೆ ಸಂಪರ್ಕ ಕೊಡತೊಡಗಿದಾಗ ಅಗ್ಗವೆಂದು ಎಲ್ಲರಿಗೂ ಖುಷಿ. ಆದರೆ ರಾಜ್ಯಕ್ಕೆಲ್ಲ ಕಟ್ಟಿದ ಪಟ್ಟಿಯಲ್ಲಿ ಕನ್ನಡಕ್ಕೆ ಸಿಗುವ ಜಾಗ ಸಣ್ಣದು. ಡಿಟಿಎಚ್ ಕೊಳ್ಳಲು ಹೋದರೂ ತಮಿಳುನಾಡಿನ ವಿಳಾಸ ನೋಡಿದ ಕೂಡಲೇ ಡೀಲರು ತಮಿಳು ಪ್ಯಾಕನ್ನೇ ಹಾಕಿಬಿಡುತ್ತಾನೆ. ಅದನ್ನೇ ಒಪ್ಪಿಕೊಳ್ಳಬೇಕೆಂದೇನಿಲ್ಲ. ಟ್ರಾಯ್ ನಿಯಮ ಜಾರಿಗೆ ಬಂದ 2019ರ ಫೆಬ್ರುವರಿ 1ರಿಂದ ಯಾವ ಚಾನೆಲ್ಲನ್ನಾದರೂ ಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು ವೀಕ್ಷಕರಿಗಿದೆ. ಅಜ್ಜಿಗೆ ಕನ್ನಡ ಧಾರಾವಾಹಿ, ತಮಿಳು ಮಾಧ್ಯಮದಲ್ಲಿ ಓದುವ ಮೊಮ್ಮಕ್ಕಳಿಗೆ ತಮಿಳು ಎನ್ನುವ ಮನೆಯಲ್ಲಿ ಎರಡು ಭಾಷೆಯ ದೊಡ್ಡ ಪ್ಯಾಕ್ ಹಾಕಿಸುವ ಬದಲು ಒಂದು ಪ್ಯಾಕ್, ಅದರ ಮೇಲೆ ಬೇಕಾದ ನಾಲ್ಕೈದು ಬಿಡಿ ಚಾನೆಲ್ ಹಾಕಿಸಿದರೆ ತಿಂಗಳ ಖರ್ಚು ಹಿಡಿತದಲ್ಲಿರುತ್ತದೆ. ಎರಡು ವರ್ಷ ಕಟ್ಟುವ ಪ್ಯಾಕಿನ ಹಣ ಟೀವಿಯ ಬೆಲೆಯ ಅರ್ಧ ಮುಟ್ಟಬಹುದು ಎಂಬುದನ್ನು ಬಹಳ ಮಂದಿ ಲೆಕ್ಕ ಹಾಕುವುದೇ ಇಲ್ಲ.

ತಿಂಗಳ ಹಣವೇ ಬೇಡ ಎನ್ನುವವರಿಗೆ ದೂರದರ್ಶನದ ಫ್ರೀ ಡಿಶ್ ಇದೆ. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದ ಸೇವೆ. ಡಿಶ್ಶು, ಬಾಕ್ಸಿಗೆ ಒಮ್ಮೆ ಹಣ ಕೊಟ್ಟರೆ ಮುಗಿಯಿತು. ಇದರ ಉಪಗ್ರಹ 93.5 ಡಿಗ್ರಿ ಪೂರ್ವದಲ್ಲಿರುವುದರಿಂದ ಈ ಭಾಗದಲ್ಲಿ ಡಿಶ್ಶು ಆಗ್ನೇಯ ದಿಕ್ಕಿಗೆ ಮುಖಮಾಡಿ ಸಾಕಷ್ಟು ಮೇಲಕ್ಕೆ ನೋಡುತ್ತಿರಬೇಕು. ಆ ಕಡೆ ತೆಂಗು, ಹುಣಸೆ ಅಡ್ಡ ಬರಬಾರದು. ಚಂದನ ವಾಹಿನಿ ಸಿಗುತ್ತದೆ. ಹಣ ಕಟ್ಟಿ ನೋಡುವ ಕನ್ನಡ ಧಾರಾವಾಹಿ ಚಾನೆಲ್‌ಗಳನ್ನು ಇದರಿಂದ ನಿರೀಕ್ಷಿಸಬಾರದು.

ಸ್ಮಾರ್ಟ್ ಟೀವಿ ಇದ್ದರೆ ಇಂಟರ್‌ನೆಟ್ಟಿನಲ್ಲಿ ಎರಡೂ ಭಾಷೆ ಬರುತ್ತದೆ, ನಿಜ. ಆದರೆ ಮೊಬೈಲಿನ ಹಾಟ್‌ಸ್ಪಾಟ್ ನಂಬಿದರೆ ಎಚ್‌ಡಿ ಚಿತ್ರ ಗಂಟೆಗೆ ಒಂದು ಜಿಬಿಯಷ್ಟೋ ಅದಕ್ಕಿಂತ ಹೆಚ್ಚೋ ನುಂಗುತ್ತದೆ, ದಿನದ ಡೇಟಾ ಒಂದು ಸಿನಿಮಾಕ್ಕೇ ಮುಗಿಯುತ್ತದೆ. ಅಗ್ಗದ ಸ್ಮಾರ್ಟ್ ಟೀವಿಗಳಲ್ಲಿ ಮೆಮೊರಿ ಕಡಿಮೆ. ಎರಡು ಮೂರು ವರ್ಷಕ್ಕೆ ಆಮೆಯಾಗುತ್ತವೆ. ಹಾಗಾದಾಗ ಟೀವಿ ಬದಲಿಸಬೇಕಿಲ್ಲ, ಎಚ್‌ಡಿಎಂಐಗೆ ಸಿಕ್ಕಿಸುವ ಸಣ್ಣ ಸ್ಟಿಕ್ ತಂದರೆ ಸಾಕು.

ಕರೆಂಟು, ಸಿಡಿಲು, ಹಲ್ಲಿ

ಕರೆಂಟು ಬಿಲ್ಲಿಗೆ ಹೆದರಬೇಕಾದ್ದಿಲ್ಲ. 32 ಇಂಚಿನ ಎಲ್‌ಇಡಿ ಟೀವಿ ಸುಮಾರು 50 ವಾಟ್ ಎಳೆಯುತ್ತದೆ. ದಿನಕ್ಕೆ ಐದು ಗಂಟೆ ಹಚ್ಚಿದರೆ ಎರಡು ತಿಂಗಳಿಗೆ 15 ಯೂನಿಟ್ ಅಷ್ಟೆ. ತಮಿಳುನಾಡು 2016ರಲ್ಲಿ ಮನೆಗಳಿಗೆ ಎರಡು ತಿಂಗಳಿಗೆ ಮೊದಲ 100 ಯೂನಿಟ್ ಉಚಿತ ಮಾಡಿತು.

ಹೆದರಬೇಕಾದ್ದು ವೋಲ್ಟೇಜಿಗೆ. ಆದರೆ ಜನ ಅಂದುಕೊಂಡಂತೆ ಕಡಿಮೆ ವೋಲ್ಟೇಜಿಗೆ ಅಲ್ಲ. ಈಗಿನ ಟೀವಿಗಳು ಸಾಮಾನ್ಯವಾಗಿ 100ರಿಂದ 240 ವೋಲ್ಟ್‌ವರೆಗೆ ತಾಳಿಕೊಳ್ಳುತ್ತವೆ. ಮಳೆಗಾಳಿಗೆ ಕಂಬದಲ್ಲಿ ನ್ಯೂಟ್ರಲ್ ವೈರು ಹರಿದಾಗ ಮನೆಗೆ 300, 400 ವೋಲ್ಟ್ ನುಗ್ಗುತ್ತದೆ. ಒಂದೇ ಸಲಕ್ಕೆ ಸಾಲುಮನೆಗಳ ಟೀವಿ, ಬಲ್ಬು ಸುಟ್ಟುಹೋಗುವುದು ಹೀಗೆ. ವೋಲ್ಟೇಜ್ ಏರಿದರೆ ತಾನಾಗಿ ಕಡಿದುಹಾಕುವ ಸ್ಟೆಬಿಲೈಜರ್ ಒಂದಿದ್ದರೆ ಬಚಾವು. ಸಿಡಿಲಿಗೆ ಅದೂ ಸಾಲದು. ಗುಡುಗು ಕೇಳಿದೊಡನೆ ಪ್ಲಗ್ಗು ಕೀಳಬೇಕು, ಜತೆಗೆ ಡಿಶ್ಶಿನಿಂದ ಬರುವ ವೈರನ್ನೂ ಬಿಚ್ಚಬೇಕು. ಎರಡನೆಯದನ್ನು ಮರೆಯುವವರೇ ಹೆಚ್ಚು. ಸಿಡಿಲು, ಹೆಚ್ಚು ವೋಲ್ಟೇಜು, ಪರದೆ ಒಡೆದದ್ದು ಇವ್ಯಾವುದನ್ನೂ ಸಾಮಾನ್ಯ ವಾರಂಟಿ ಒಪ್ಪುವುದಿಲ್ಲ.

ಟೀವಿಯ ಹಿಂಬದಿ ಬೆಚ್ಚಗಿರುವುದರಿಂದ ಹಲ್ಲಿ, ಇರುವೆಗಳಿಗೆ ಅದೇ ಅರಮನೆ. ತೂತುಗಳನ್ನು ಬಟ್ಟೆಯಿಂದ ಮುಚ್ಚಿದರೆ ಶಾಖ ಹೋಗದೆ ಬೇರೆ ಕೇಡು. ವಾರಕ್ಕೊಮ್ಮೆ ಹಿಂದೆ ಒಣಬ್ರಷ್ಷಿನಿಂದ ಗುಡಿಸಿದರಾಯಿತು. ಪರದೆಗೆ ನೀರು ಚಿಮುಕಿಸಬಾರದು, ಕೆಳಗೆ ಇಳಿದು ಅಂಚಿನ ಸರ್ಕ್ಯೂಟನ್ನು ಸೇರುತ್ತದೆ. ಬೈಕಿನ ಹಿಂದೆ ತರುವಾಗ ಪೆಟ್ಟಿಗೆಯನ್ನು ನಿಲ್ಲಿಸಿಯೇ ಹಿಡಿಯಬೇಕು, ಮಲಗಿಸಿದರೆ ಗುಂಡಿಗೆ ಎಗರಿದಾಗ ಗಾಜು ಸೀಳುತ್ತದೆ.

ಧ್ವನಿ ಇದೆ, ಚಿತ್ರವಿಲ್ಲ

ಅಗ್ಗದ ಟೀವಿಗೆ ಬರುವ ಕಾಯಿಲೆಗಳಲ್ಲಿ ಇದೇ ದೊಡ್ಡದು. ಕತ್ತಲಲ್ಲಿ ಪರದೆಗೆ ಓರೆಯಾಗಿ ಟಾರ್ಚು ಬಿಟ್ಟು ನೋಡಿದರೆ ಒಳಗೆ ಚಿತ್ರ ಮಂಕಾಗಿ ಓಡಾಡುವುದು ಕಾಣಬಹುದು. ಹಾಗಿದ್ದರೆ ಪರದೆ ಸತ್ತಿಲ್ಲ. ಹಿಂದಿನಿಂದ ಬೆಳಕು ಕೊಡುವ ಎಲ್‌ಇಡಿ ಪಟ್ಟಿ ಸುಟ್ಟಿದೆ. ದೀಪಗಳು ಸರದಂತೆ ಒಂದರ ಹಿಂದೊಂದು ಜೋಡಿಸಿರುವುದರಿಂದ ಒಂದು ಹೋದರೂ ಸಾಲೇ ಆರುತ್ತದೆ. ಪಟ್ಟಿ ಬದಲಿಸುವುದು ಹೊಸೂರಿನ ಮೆಕ್ಯಾನಿಕ್‌ಗಳಿಗೆ ದಿನನಿತ್ಯದ ಕೆಲಸ, ಖರ್ಚು ಹೊಸ ಟೀವಿಯ ಬೆಲೆಗೆ ಹೋಲಿಸಿದರೆ ಸಣ್ಣದು. ಬೆಳಕಿನ ಮಟ್ಟವನ್ನು ನೂರರಲ್ಲಿಡದೆ ಅರವತ್ತು, ಎಪ್ಪತ್ತಕ್ಕೆ ಇಳಿಸಿಟ್ಟರೆ ಆ ಪಟ್ಟಿಗಳು ಹೆಚ್ಚು ಕಾಲ ಬಾಳುತ್ತವೆ. ಪರದೆಯೇ ಒಡೆದಿದ್ದರೆ ಮಾತ್ರ ರಿಪೇರಿಯ ಆಸೆ ಬಿಡುವುದು ಒಳ್ಳೆಯದು. ಪರದೆಯ ಬೆಲೆಯೇ ಹೆಚ್ಚುಕಡಿಮೆ ಟೀವಿಯ ಬೆಲೆ.

ಇನ್ನು ಮೂಲೆಯಲ್ಲಿ ಕೂತಿರುವ ಹಳೆಯ ಸರ್ಕಾರಿ ಟೀವಿ. ಅದರ ಟ್ಯೂಬಿನ ಗಾಜಿನಲ್ಲಿ ಸೀಸವಿದೆ, ಒಳಗೆ ಗಾಳಿ ತೆಗೆದ ಖಾಲಿ ಜಾಗವಿರುವುದರಿಂದ ಒಡೆದರೆ ಚೂರುಗಳು ಸಿಡಿಯುತ್ತವೆ. ತಾಮ್ರದ ಆಸೆಗೆ ಮಕ್ಕಳು ಕಲ್ಲಿನಿಂದ ಜಜ್ಜದಂತೆ ನೋಡಿಕೊಳ್ಳಬೇಕು, ಹೊಲದ ಬದುವಿಗೂ ಕೆರೆಯ ಅಂಚಿಗೂ ಎಸೆಯಬಾರದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ಇಂಥವನ್ನು ಸರಿಯಾಗಿ ವಿಲೇವಾರಿ ಮಾಡಿಸುವ ಹೊಣೆ ತಯಾರಕ ಕಂಪನಿಗಳದು. ಹೊಸದನ್ನು ಕೊಳ್ಳುವಾಗಲೇ ಹಳೆಯದನ್ನು ತೆಗೆದುಕೊಳ್ಳುತ್ತೀರಾ ಎಂದು ಅಂಗಡಿಯಲ್ಲಿ ವಿಚಾರಿಸಬಹುದು. ನೂರೋ ಇನ್ನೂರೋ ಕೊಟ್ಟರೂ ಸರಿ, ಏನೂ ಕೊಡದಿದ್ದರೂ ಸರಿ, ಇಡಿಯಾಗಿಯೇ ಒಪ್ಪಿಸಬೇಕು.