ಗಪ್ಪಿ ಮೀನಿನಲ್ಲಿ ಗಂಡು ಯಾವುದು, ಹೆಣ್ಣು ಯಾವುದು? ಬಣ್ಣ ನೋಡಿ ಮೋಸಹೋಗಬೇಡಿ

ಗಾಜಿನ ತೊಟ್ಟಿಯಲ್ಲಿ ಸಾಕುವ ಪುಟ್ಟ ಮೀನುಗಳ ಬಗ್ಗೆ ಎರಡು ಮಾತು ಎಲ್ಲೆಡೆ ಕೇಳಿಬರುತ್ತವೆ. ಒಂದು, "ಬಣ್ಣ ಇದ್ದರೆ ಗಂಡು, ಇಲ್ಲದಿದ್ದರೆ ಹೆಣ್ಣು." ಇನ್ನೊಂದು, "ಒಂದೇ ಮೀನು ತಂದರೆ ಮರಿಯಾಗುವ ಚಿಂತೆ ಇಲ್ಲ." ಮೊದಲನೆಯದು ಅರ್ಧ ಸತ್ಯ. ಎರಡನೆಯದು, ತಂದ ಮೀನು ಹೆಣ್ಣು ಗಪ್ಪಿಯಾಗಿದ್ದರೆ, ಪೂರ್ತಿ ತಪ್ಪು.

ಇದು ಅಕ್ವೇರಿಯಂ ಹವ್ಯಾಸ ಇರುವವರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಹೊಸಪೇಟೆ, ಕಂಪ್ಲಿ, ಎಮ್ಮಿಗನೂರು ಕಡೆಯ ಊರುಗಳಲ್ಲಿ ಮನೆಬಳಕೆಯ ನೀರನ್ನು ಸಿಮೆಂಟ್ ತೊಟ್ಟಿ, ಡ್ರಮ್ಮುಗಳಲ್ಲಿ ಹಿಡಿದಿಡುವುದು ರೂಢಿ. ಡೆಂಗಿ, ಚಿಕೂನ್‌ಗುನ್ಯ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ನೀರಿನಲ್ಲೇ. ಅದಕ್ಕಾಗಿಯೇ ಆರೋಗ್ಯ ಇಲಾಖೆ ಗಪ್ಪಿ ಮತ್ತು ಗ್ಯಾಂಬೂಸಿಯಾ ಎಂಬ ಎರಡು ಲಾರ್ವಾಹಾರಿ ಮೀನುಗಳನ್ನು ಬಳಸುತ್ತದೆ. ಕೋಲಾರ ಜಿಲ್ಲೆಯ ಕಾಮಸಮುದ್ರ ಭಾಗದ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಬಾವಿಗಳಿಗೆ ಈ ಮೀನುಗಳನ್ನು ಬಿಟ್ಟು ಮಲೇರಿಯಾ ಹತೋಟಿಗೆ ತರುವ ಕೆಲಸ ನಡೆದಿತ್ತು. ಹೀಗೆ ತೊಟ್ಟಿಗೆ ಬಂದ ಮೀನು ಗಂಡೋ ಹೆಣ್ಣೋ ಎಂಬುದರ ಮೇಲೆ ಮುಂದಿನ ಲೆಕ್ಕವೆಲ್ಲ ನಿಂತಿರುತ್ತದೆ.

ನೋಡಬೇಕಾದ ಜಾಗ ಯಾವುದು?

ಮೀನನ್ನು ಕೈಯಲ್ಲಿ ಹಿಡಿಯಬೇಡಿ. ಅದೇ ತೊಟ್ಟಿಯ ನೀರು ತುಂಬಿದ ಗಾಜಿನ ಲೋಟಕ್ಕೆ ಬಿಟ್ಟು, ಪಕ್ಕದಿಂದ ಬೆಳಕು ಬೀಳುವಂತೆ ಇಟ್ಟು ನೋಡಿ. ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿದರೆ ಇನ್ನೂ ಸುಲಭ.

ಹೊಟ್ಟೆಯ ಕೆಳಗೆ, ಬಾಲದ ಕಡೆಗೆ ಒಂದು ಸಣ್ಣ ಈಜುರೆಕ್ಕೆ ಇರುತ್ತದೆ. ಅದನ್ನು ಗುದದ ಈಜುರೆಕ್ಕೆ ಎನ್ನುತ್ತಾರೆ. ಹೆಣ್ಣಿನಲ್ಲಿ ಇದು ಬೀಸಣಿಗೆಯಂತೆ ಅಗಲವಾಗಿ ಬಿಚ್ಚಿಕೊಂಡಿರುತ್ತದೆ. ಗಂಡಿನಲ್ಲಿ ಕಡ್ಡಿಯಂತೆ ಸಣ್ಣಗೆ, ಉದ್ದಕ್ಕೆ, ಹಿಂದಕ್ಕೆ ಮಡಚಿಕೊಂಡಿರುತ್ತದೆ. ಈ ಕಡ್ಡಿಯ ಹೆಸರು ಗೊನೊಪೋಡಿಯಂ. ಆ ರೆಕ್ಕೆಯ 3, 4 ಮತ್ತು 5ನೇ ಕಡ್ಡಿಗಳು ಬೆಳೆದು ಆದ ಅಂಗ ಇದು. ಗಂಡು ಇದರ ಮೂಲಕವೇ ಹೆಣ್ಣಿನ ದೇಹದೊಳಕ್ಕೆ ವೀರ್ಯಾಣುಗಳನ್ನು ಸೇರಿಸುತ್ತದೆ. ಗಪ್ಪಿ, ಮೋಲಿ, ಪ್ಲೇಟಿ, ಸ್ವೋರ್ಡ್‌ಟೇಲ್, ಗ್ಯಾಂಬೂಸಿಯಾ ಒಂದೇ ಕುಟುಂಬದವು. ಮೊಟ್ಟೆ ಇಡದೆ ನೇರವಾಗಿ ಮರಿ ಹಾಕುತ್ತವೆ. ಇವೆಲ್ಲಕ್ಕೂ ಈ ಗುರುತು ಒಂದೇ.

ಎರಡನೆಯ ಗುರುತು ಹೆಣ್ಣಿನಲ್ಲಿದೆ. ಹೊಟ್ಟೆಯ ಹಿಂಭಾಗದಲ್ಲಿ, ಗುದದ ಈಜುರೆಕ್ಕೆಯ ಸ್ವಲ್ಪ ಮೇಲೆ ಒಂದು ಕಪ್ಪು ಮಚ್ಚೆ ಕಾಣುತ್ತದೆ. ಬಸಿರು ಬೆಳೆದಂತೆ ಅದು ದೊಡ್ಡದಾಗಿ ಇನ್ನಷ್ಟು ಕಪ್ಪಾಗುತ್ತದೆ. ಗಾತ್ರದಲ್ಲೂ ವ್ಯತ್ಯಾಸವಿದೆ: ಗಂಡು ಗಪ್ಪಿ ಸುಮಾರು 3 ಸೆಂ.ಮೀ. ಬೆಳೆದರೆ, ಹೆಣ್ಣು 4ರಿಂದ 6 ಸೆಂ.ಮೀ. ತನಕ ಬೆಳೆಯುತ್ತದೆ.

ಹಾಗಾದರೆ ಬಣ್ಣ?

ಗಪ್ಪಿಯ ಗಂಡಿಗೆ ಬಣ್ಣ ಹೆಚ್ಚು ಎಂಬುದು ನಿಜ. ಬಣ್ಣಕ್ಕೆ ಕಾರಣವಾದ ಹಲವು ಜೀನುಗಳು ಗಂಡಿನ ವೈ ವರ್ಣತಂತುವಿನಲ್ಲಿವೆ. ಗಪ್ಪಿಯ ಒಂದು ಮಚ್ಚೆ ತಂದೆಯಿಂದ ಗಂಡುಮರಿಗಳಿಗೆ ಮಾತ್ರ ಹೋಗುತ್ತದೆ ಎಂಬುದನ್ನು ಡೆನ್ಮಾರ್ಕಿನ ವಿಜ್ಞಾನಿ ಓಯ್ವಿಂಡ್ ವಿಂಗೆ 1922ರಲ್ಲೇ ತೋರಿಸಿದ್ದರು.

ಆದರೂ ಬಣ್ಣವನ್ನೇ ನಂಬುವಂತಿಲ್ಲ. ಇದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು, ಅಂಗಡಿಗೆ ಬರುವ ತಳಿಗಳಲ್ಲಿ ಹೆಣ್ಣಿನ ಬಾಲಕ್ಕೂ ಬಣ್ಣ ಬಂದಿರುತ್ತದೆ. ಎರಡನೆಯದು, ಗಂಡು ಹಾರ್ಮೋನು ಕೊಟ್ಟರೆ ಹೆಣ್ಣು ಗಪ್ಪಿಗೂ ಗಂಡಿನ ಬಣ್ಣ ಮೂಡುತ್ತದೆ. ಮೂರನೆಯದು, ಗ್ಯಾಂಬೂಸಿಯಾದಲ್ಲಿ ಗಂಡು, ಹೆಣ್ಣು ಎರಡೂ ಬೂದು ಬಣ್ಣದವು. ಅಲ್ಲಿ ಬಣ್ಣ ನೋಡುವವರು ಎಲ್ಲವನ್ನೂ ಹೆಣ್ಣೆಂದೇ ಎಣಿಸುತ್ತಾರೆ.

ಉಬ್ಬಿದ ಹೊಟ್ಟೆಯೂ ಅಷ್ಟೇ. ಹೊಟ್ಟೆ ದಪ್ಪ ಕಂಡ ಕೂಡಲೇ ಬಸಿರು ಎನ್ನುವಂತಿಲ್ಲ. ಅತಿಯಾಗಿ ತಿಂದ ಮೀನೂ ಹಾಗೆ ಕಾಣುತ್ತದೆ. ಹೊಟ್ಟೆ ಉಬ್ಬಿ, ಮೈಮೇಲಿನ ಹುರುಪೆಗಳು ಎದ್ದು ನಿಂತಿದ್ದರೆ ಅದು ಕಾಯಿಲೆಯ ಲಕ್ಷಣ. ಆ ಮೀನನ್ನು ಬೇರೆ ಪಾತ್ರೆಗೆ ಹಾಕಿ.

ಒಂದೇ ಹೆಣ್ಣು ಸಾಕು

ಹೆಣ್ಣು ಗಪ್ಪಿ ಒಮ್ಮೆ ಕೂಡಿದ ಮೇಲೆ ವೀರ್ಯಾಣುಗಳನ್ನು ತಿಂಗಳುಗಟ್ಟಲೆ ದೇಹದೊಳಗೆ ಕಾಪಿಟ್ಟುಕೊಳ್ಳಬಲ್ಲದು. ಸುಮಾರು 4 ವಾರಕ್ಕೊಮ್ಮೆ ಮರಿ ಹಾಕುತ್ತದೆ. ಅಂಗಡಿಯ ತೊಟ್ಟಿಯಲ್ಲಿ ಗಂಡು, ಹೆಣ್ಣು ಒಟ್ಟಿಗೇ ಇರುವುದರಿಂದ ಅಲ್ಲಿಂದ ತಂದ ದೊಡ್ಡ ಹೆಣ್ಣು ಆಗಲೇ ಕೂಡಿರುವ ಸಾಧ್ಯತೆ ಹೆಚ್ಚು. ಮನೆಯಲ್ಲಿ ಗಂಡೇ ಇಲ್ಲದಿದ್ದರೂ ಅದು ಒಂದರ ಹಿಂದೆ ಒಂದು ಸೂಲು ಮರಿ ಹಾಕಬಹುದು.

ಆದ್ದರಿಂದ ಮರಿ ಬೇಡವೆನ್ನುವವರು ಗಂಡುಗಳನ್ನಷ್ಟೇ ಸಾಕಬೇಕು. ಮರಿ ಬೇಕೆನ್ನುವವರು ಒಂದು ಗಂಡಿಗೆ ಎರಡು ಮೂರು ಹೆಣ್ಣು ಇಟ್ಟರೆ ಒಳ್ಳೆಯದು. ಗಂಡು ಬಿಡದೆ ಬೆನ್ನಟ್ಟುವುದರಿಂದ, ಒಂದೇ ಹೆಣ್ಣಿದ್ದರೆ ಅದು ಬಳಲಿಹೋಗುತ್ತದೆ.

ಹುಟ್ಟಿದ ಮರಿಗಳಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಎಲ್ಲಕ್ಕೂ ಹೆಣ್ಣಿನಂಥ ರೆಕ್ಕೆಯೇ ಇರುತ್ತದೆ. ಒಂದು ತಿಂಗಳ ಹೊತ್ತಿಗೆ ಗಂಡುಮರಿಯ ರೆಕ್ಕೆ ಚೂಪಾಗತೊಡಗುತ್ತದೆ. ಬೇರ್ಪಡಿಸುವವರು ಆಗಲೇ ಬೇರ್ಪಡಿಸಬೇಕು. ತಡಮಾಡಿದರೆ ಅಣ್ಣ ತಂಗಿಯರೇ ಕೂಡಿಬಿಡುತ್ತವೆ.

ಹೆಣ್ಣು ಗಂಡಾಗಿ ಬದಲಾಗುತ್ತದೆಯೇ?

ಸ್ವೋರ್ಡ್‌ಟೇಲ್ ಸಾಕಿದವರು "ನಮ್ಮ ಹೆಣ್ಣು ಗಂಡಾಯಿತು" ಎನ್ನುವುದುಂಟು. ಬಹುಮಟ್ಟಿಗೆ ಅದು ತಡವಾಗಿ ಪ್ರಾಯಕ್ಕೆ ಬಂದ ಗಂಡು. ಕತ್ತಿಯಂಥ ಬಾಲ ಮೂಡುವ ತನಕ ಅದು ಹೆಣ್ಣಿನಂತೆ ಕಾಣುತ್ತಿತ್ತು, ಅಷ್ಟೇ. ಲಿಂಗ ನಿಜವಾಗಿ ಬದಲಾಗುವ ಮೀನುಗಳು ಬೇರೆ ಇವೆ. ಸಮುದ್ರದ ಕ್ಲೌನ್ ಮೀನುಗಳು ಮೊದಲು ಗಂಡಾಗಿ ಬೆಳೆಯುತ್ತವೆ. ಗುಂಪಿನ ಹೆಣ್ಣು ಸತ್ತರೆ ದೊಡ್ಡ ಗಂಡೇ ಹೆಣ್ಣಾಗುತ್ತದೆ.

ಮೊಟ್ಟೆ ಇಡುವ ಮೀನುಗಳಲ್ಲಿ

ಇವುಗಳಲ್ಲಿ ಗೊನೊಪೋಡಿಯಂ ಇರುವುದಿಲ್ಲ. ಹಾಗಾಗಿ ಒಂದೊಂದಕ್ಕೂ ಬೇರೆ ಗುರುತು ನೋಡಬೇಕು.

• ಫೈಟರ್ ಮೀನು: ಗಂಡಿಗೆ ಉದ್ದ ರೆಕ್ಕೆ. ಗಿಡ್ಡ ರೆಕ್ಕೆಯ ತಳಿಗಳಲ್ಲಿ ಇದು ಕೈಕೊಡುತ್ತದೆ. ಪ್ರಾಯಕ್ಕೆ ಬಂದ ಹೆಣ್ಣಿನ ಹೊಟ್ಟೆಯಡಿ ಕಾಣುವ ಬಿಳಿ ಚುಕ್ಕೆಯನ್ನು ನೋಡಿ.
• ಗೌರಾಮಿ: ಗಂಡಿನ ಬೆನ್ನಿನ ರೆಕ್ಕೆಯ ತುದಿ ಚೂಪು, ಹೆಣ್ಣಿನದು ಗುಂಡು.
• ಜೀಬ್ರಾ ಡೇನಿಯೊ: ಗಂಡು ತೆಳ್ಳಗೆ, ಹೆಣ್ಣಿನ ಹೊಟ್ಟೆ ದುಂಡಗೆ.
• ಗೋಲ್ಡ್ ಫಿಶ್: ಮರಿ ಮಾಡುವ ಕಾಲದಲ್ಲಿ ಗಂಡಿನ ಕಿವಿರು ಮುಚ್ಚಳದ ಮೇಲೆ ಸಣ್ಣ ಬಿಳಿ ಗುಳ್ಳೆಗಳು ಏಳುತ್ತವೆ. ಇದನ್ನು ರೋಗವೆಂದು ತಿಳಿದು ಔಷಧಿ ಹಾಕಬೇಡಿ.
• ಏಂಜಲ್ ಮೀನು: ಮೊಟ್ಟೆ ಇಡುವ ಹೊತ್ತಿನ ತನಕ ಹೇಳುವುದು ಕಷ್ಟ. ಬೇರೆ ದಿನಗಳಲ್ಲಿ "ಗ್ಯಾರಂಟಿ ಜೋಡಿ" ಎನ್ನುವ ಮಾತನ್ನು ಅಷ್ಟಾಗಿ ನಂಬಬೇಡಿ.

ಸೊಳ್ಳೆಗೆ ಯಾವುದು ಒಳ್ಳೆಯದು?

ಗಂಡು, ಹೆಣ್ಣು ಎರಡೂ ಲಾರ್ವಾ ತಿನ್ನುತ್ತವೆ. ಮೈ ದೊಡ್ಡದಾದ್ದರಿಂದ ಹೆಣ್ಣು ಹೆಚ್ಚು ತಿನ್ನುತ್ತದೆ. ದೊಡ್ಡ ಸಿಮೆಂಟ್ ತೊಟ್ಟಿಗೆ, ಬಳಸದ ಬಾವಿಗೆ ಮೀನು ಬಿಡಬಹುದು. ಡ್ರಮ್, ಕೊಡ, ಬಕೆಟ್ಟುಗಳಿಗೆ ಮೀನು ಬೇಕಿಲ್ಲ. ವಾರಕ್ಕೊಮ್ಮೆ ಪೂರ್ತಿ ಬರಿದು ಮಾಡಿ, ಒಳಗೋಡೆಗೆ ಅಂಟಿದ ಮೊಟ್ಟೆಗಳು ಹೋಗುವಂತೆ ತಿಕ್ಕಿ ತೊಳೆದು, ಮುಚ್ಚಿಟ್ಟರೆ ಸಾಕು. ಮೀನಿರುವ ತೊಟ್ಟಿಗೆ ಬ್ಲೀಚಿಂಗ್ ಪುಡಿ ಹಾಕಿದರೆ ಮೀನು ಸಾಯುತ್ತದೆ ಎಂಬುದು ನೆನಪಿರಲಿ.

ಹೆಚ್ಚಾದ ಮರಿಗಳನ್ನು ಎಲ್ಲಿ ಬಿಡಬೇಕು?

ತೊಟ್ಟಿ ತುಂಬಿದಾಗ "ಪಾಪ, ಬದುಕಿಕೊಳ್ಳಲಿ" ಎಂದು ಕಾಲುವೆಗೋ ಹೊಳೆಗೋ ಬಿಡುವವರಿದ್ದಾರೆ. ಅದನ್ನು ಮಾಡಬೇಡಿ. ಗಪ್ಪಿಯೂ ಗ್ಯಾಂಬೂಸಿಯಾವೂ ಅಮೆರಿಕ ಖಂಡಗಳ ಮೀನುಗಳು. ಗ್ಯಾಂಬೂಸಿಯಾ 1928ರಲ್ಲಿ ಇಟಲಿಯ ಮೂಲಕ ಭಾರತಕ್ಕೆ ಬಂತು. ಬೇರೆ ಮೀನುಗಳ ಮೊಟ್ಟೆ, ಮರಿ, ಕಪ್ಪೆಯ ಮರಿಗಳನ್ನೂ ಅದು ತಿನ್ನುತ್ತದೆ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ.

ನಮ್ಮ ಭಾಗದಲ್ಲಿ ಈ ಎಚ್ಚರ ಇನ್ನೂ ಮುಖ್ಯ. ತುಂಗಭದ್ರಾ ಅಣೆಕಟ್ಟಿನ ಕೆಳಗಿನಿಂದ ಕಂಪ್ಲಿ ಸೇತುವೆಯವರೆಗಿನ ಸುಮಾರು 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ನೀರುನಾಯಿ ಬದುಕುವುದು ಹೊಳೆಯ ಮೀನುಗಳನ್ನು ನಂಬಿಕೊಂಡು. ಅಲ್ಲಿಗೆ ಬಿಟ್ಟ "ಒಂದೇ ಒಂದು ಮೀನು" ಬಸುರಿ ಹೆಣ್ಣಾಗಿದ್ದರೆ ನೀವು ಬಿಟ್ಟದ್ದು ಒಂದು ಸಂತಾನವನ್ನೇ. ಹೆಚ್ಚಾದ ಮರಿಗಳನ್ನು ಸಾಕುವವರಿಗೆ ಕೊಡಿ, ಅಂಗಡಿಗೆ ಮರಳಿಸಿ, ಇಲ್ಲವೇ ಊರಿನ ಆರೋಗ್ಯ ಸಹಾಯಕರನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ. ಮುಂದೆ ಇಂಥ ಮೀನು ತರುವಾಗ ಹೊಟ್ಟೆಯಡಿಯ ರೆಕ್ಕೆ ಕಡ್ಡಿಯಂತಿದೆಯೋ ಬೀಸಣಿಗೆಯಂತಿದೆಯೋ ಎಂದು ಅಂಗಡಿಯಲ್ಲೇ ನೋಡಿಕೊಂಡರೆ ಈ ಪೇಚಾಟ ಬಹುಪಾಲು ತಪ್ಪುತ್ತದೆ.