ಹಲ್ಲಿನ ಕಲೆ, ಬೋರ್‌ವೆಲ್ ನೀರು: ಕುಷ್ಟಗಿ ಸೀಮೆಯ ಮಕ್ಕಳು ಮತ್ತು ಫ್ಲೋರೈಡ್

ಹನುಮಸಾಗರ, ಕುಷ್ಟಗಿ, ಯಲಬುರ್ಗಾ ಭಾಗದ ಒಣಭೂಮಿ ಹಳ್ಳಿಗಳಲ್ಲಿ ಶಾಲಾ ಮಕ್ಕಳು ನಕ್ಕಾಗ ಮುಂದಿನ ಹಲ್ಲುಗಳ ಮೇಲೆ ಸುಣ್ಣದ ಬಣ್ಣದ ಮಚ್ಚೆ ಅಥವಾ ಕಂದು ಗೆರೆಗಳು ಕಾಣುವುದುಂಟು. ಹಲ್ಲುಜ್ಜುವುದಿಲ್ಲವೆಂದು ಶಿಕ್ಷಕರು ಗದರುತ್ತಾರೆ, ಗುಟ್ಕಾ ತಿನ್ನುತ್ತಾನೆಂದು ನೆಂಟರು ಶಂಕಿಸುತ್ತಾರೆ. ಎರಡೂ ತಪ್ಪು. ಎಷ್ಟು ಉಜ್ಜಿದರೂ ಹೋಗದ ಈ ಕಲೆ ಹಲ್ಲು ಮೂಡುವ ಮೊದಲೇ, ಮಗು ತೊಟ್ಟಿಲಲ್ಲಿದ್ದಾಗ ಕುಡಿದ ನೀರಿನಿಂದ ಬಂದದ್ದು. ವೈದ್ಯಶಾಸ್ತ್ರದಲ್ಲಿ ಇದಕ್ಕೆ ದಂತ ಫ್ಲೋರೋಸಿಸ್ ಎಂದು ಹೆಸರು.

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ರಚನೆಯಾದ ಕೊಪ್ಪಳ ಜಿಲ್ಲೆಗೆ ಎರಡು ಮುಖಗಳಿವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿ ಭತ್ತದ ಕಣಜವೆನಿಸಿದೆ. ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳು ಮಳೆಯನ್ನೇ ನಂಬಿದ ನಾಡು. ಬಾಗಲಕೋಟೆ ಜಿಲ್ಲೆಯ ಅಂಚಿನಲ್ಲಿರುವ ಹನುಮಸಾಗರ ಹೋಬಳಿಯೂ ಈ ಎರಡನೆಯ ಮುಖಕ್ಕೇ ಸೇರಿದ್ದು. ವರ್ಷವಿಡೀ ಹರಿಯುವ ನದಿ ಇಲ್ಲದ ಕಡೆ ಕುಡಿಯಲು ಕೊಳವೆಬಾವಿಯೇ ಗತಿ.

ದೋಷವಿರುವುದು ಬಂಡೆಯಲ್ಲಿ. ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಫ್ಲೋರೈಟ್, ಅಪಟೈಟ್, ಬಯೋಟೈಟ್ ಮುಂತಾದ ಖನಿಜಗಳಿಂದ ಫ್ಲೋರೈಡ್ ನಿಧಾನವಾಗಿ ಅಂತರ್ಜಲಕ್ಕೆ ಇಳಿಯುತ್ತದೆ. ನೀರು ಆಳದಲ್ಲಿ ಹೆಚ್ಚು ಕಾಲ ನಿಂತಷ್ಟೂ, ಕ್ಷಾರಗುಣ ಹೆಚ್ಚಿ ಕ್ಯಾಲ್ಸಿಯಂ ತಗ್ಗಿದಷ್ಟೂ ಕರಗುವ ಪ್ರಮಾಣ ಏರುತ್ತದೆ. ಹೀಗಾಗಿ ಒಂದೇ ಊರಿನ ಎರಡು ಬೋರ್‌ವೆಲ್‌ಗಳ ನೀರು ಒಂದೇ ಬಗೆಯಾಗಿರಬೇಕೆಂದಿಲ್ಲ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣಿಗೆ ತಿಳಿಯಾಗಿ ಕಾಣುವ ನೀರೇ ದೋಷಯುಕ್ತವಾಗಿರಬಹುದು.

ಒಂದು ರೋಗ ಹೋಗಿ ಇನ್ನೊಂದು

ಬೋರ್‌ವೆಲ್‌ಗಳನ್ನು ದೂರುವ ಮುನ್ನ ಅವು ಬಂದ ಕಾರಣವನ್ನೂ ನೆನೆಯಬೇಕು. ಮೆಟ್ಟಿಲುಬಾವಿ, ಕೆರೆಗಳ ನೀರು ಕುಡಿಯುತ್ತಿದ್ದ ಕಾಲದಲ್ಲಿ ಹಳ್ಳಿಗಳನ್ನು ಕಾಲರಾ ಮತ್ತು ನಾರು ಹುಣ್ಣು ಕಾಡುತ್ತಿದ್ದವು. ನಾರು ಹುಣ್ಣು ನೆಲೆಸಿದ್ದ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಇತ್ತು. 1967ರ ಬರಗಾಲದಲ್ಲಿ ಯುನಿಸೆಫ್ ಗಟ್ಟಿಬಂಡೆ ಕೊರೆಯುವ ಯಂತ್ರಗಳನ್ನು ಭಾರತಕ್ಕೆ ತರಿಸಿತು. 1970ರ ದಶಕದ ಕೊನೆಯಲ್ಲಿ ಇಂಡಿಯಾ ಮಾರ್ಕ್-2 ಕೈಪಂಪು ರೂಪುಗೊಂಡು ಊರೂರಿಗೂ ಬಂತು. ದೇಶದ ಕೊನೆಯ ನಾರು ಹುಣ್ಣಿನ ಪ್ರಕರಣ 1996ರಲ್ಲಿ ವರದಿಯಾಯಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಈ ರೋಗದಿಂದ ಮುಕ್ತವೆಂದು ಘೋಷಿಸಿತು. ಅಸಂಖ್ಯಾತ ಮಕ್ಕಳ ಜೀವ ಉಳಿಸಿದ ಅದೇ ಕೈಪಂಪು ಗಟ್ಟಿಶಿಲೆಯ ಸೀಮೆಗಳಲ್ಲಿ ಫ್ಲೋರೈಡನ್ನೂ ಮನೆಯ ಕೊಡಕ್ಕೆ ತಂದದ್ದು ವಿಪರ್ಯಾಸ. ಆಗ ನೀರಿನಲ್ಲಿ ಕ್ರಿಮಿಯನ್ನು ಹುಡುಕುತ್ತಿದ್ದರೇ ಹೊರತು ಖನಿಜವನ್ನಲ್ಲ.

ತಿಳಿದಿರಲಿಲ್ಲವೆಂದು ಮಾತ್ರ ಹೇಳುವಂತಿಲ್ಲ. ಅಂದಿನ ಮದ್ರಾಸ್ ಪ್ರಾಂತ್ಯದಲ್ಲಿ ಮೂಳೆಯ ಫ್ಲೋರೋಸಿಸ್ ಇರುವುದನ್ನು ಎಚ್.ಇ. ಶಾರ್ಟ್ ಮತ್ತು ಸಂಗಡಿಗರು 1937ರಲ್ಲೇ ದಾಖಲಿಸಿದ್ದರು.

ಮಕ್ಕಳೇ ಏಕೆ?

ಶಾಶ್ವತ ಹಲ್ಲುಗಳ ಹೊರಕವಚವಾದ ಎನಾಮೆಲ್ ದವಡೆಯೊಳಗೆ ರೂಪುಗೊಳ್ಳುವುದು ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ. ಮುಂದಿನ ಹಲ್ಲುಗಳಿಗಂತೂ ಮೊದಲ ಮೂರು ವರ್ಷಗಳೇ ನಿರ್ಣಾಯಕ. ಆ ಅವಧಿಯಲ್ಲಿ ಅತಿಯಾದ ಫ್ಲೋರೈಡ್ ಸೇರಿದರೆ ಎನಾಮೆಲ್ ಸರಿಯಾಗಿ ಗಟ್ಟಿಗೊಳ್ಳುವುದಿಲ್ಲ, ಮೂಡಿದ ಹಲ್ಲು ಬಣ್ಣಗೆಡುತ್ತದೆ. ಎಂಟು ದಾಟಿದ ಮೇಲೆ ಊರಿಗೆ ಬಂದು ನೆಲೆಸಿದವರ ಹಲ್ಲಿಗೆ ಈ ಕಲೆ ತಗಲುವುದಿಲ್ಲ. ಬಾಲ್ಯದಲ್ಲಿ ತಗಲಿದ್ದು ಊರು ಬಿಟ್ಟರೂ ಹೋಗುವುದಿಲ್ಲ.

ಹಲ್ಲು ಕೇವಲ ಮುನ್ಸೂಚನೆ. ಬೆಳೆಯುತ್ತಿರುವ ಎಲುಬು ವಯಸ್ಕರ ಎಲುಬಿಗಿಂತ ಹೆಚ್ಚು ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುತ್ತದೆ. ವರ್ಷಗಟ್ಟಲೆ ಅದೇ ನೀರು ಕುಡಿದಲ್ಲಿ ಕೀಲುನೋವು, ಬೆನ್ನು ಬಾಗದಿರುವಿಕೆ ನಡುವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತವೆ. ಪೌಷ್ಟಿಕ ಆಹಾರ, ಮುಖ್ಯವಾಗಿ ಕ್ಯಾಲ್ಸಿಯಂ ಕೊರತೆಯಿರುವ ಬಡಮಕ್ಕಳಲ್ಲಿ ಮಂಡಿಗಳು ಒಂದಕ್ಕೊಂದು ತಾಗುವಂತೆ ಕಾಲು ಸೊಟ್ಟಗಾಗುವುದನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 1970ರ ದಶಕದಲ್ಲಿ ಆಂಧ್ರದ ಹಳ್ಳಿಗಳಲ್ಲಿ ಗುರುತಿಸಿದರು. ಒಂದೇ ನೀರು ಕುಡಿದರೂ ಉಳ್ಳವರ ಮಗುವಿಗೂ ಕೂಲಿಕಾರರ ಮಗುವಿಗೂ ಆಗುವ ಹಾನಿ ಒಂದೇ ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಭಾರತೀಯ ಮಾನಕ ಬ್ಯೂರೋ 1 ಮಿಲಿಗ್ರಾಂ ಸಾಕೆನ್ನುತ್ತದೆ. ಬೇರೆ ಮೂಲವಿಲ್ಲದಿದ್ದಾಗ ಮಾತ್ರ 1.5ರವರೆಗೆ ಸಮ್ಮತಿಸುತ್ತದೆ. ಬಿಸಿಲ ನಾಡಿನವರು ಹೆಚ್ಚು ನೀರು ಕುಡಿಯುವುದರಿಂದ ಇಲ್ಲಿ ಕಡಿಮೆ ಮಿತಿಯೇ ಲೇಸು. ಬಿರುಬೇಸಿಗೆಯಲ್ಲಿ ಹೊಲದ ಬದುವಿನಲ್ಲಿ ಆಡುವ ಮಗು ತಂಪು ಪ್ರದೇಶದ ಮಗುವಿನಷ್ಟೇ ನೀರು ಕುಡಿದು ಸುಮ್ಮನಿರದು.

ಕುದಿಸಿದರೆ ಹೋಗದು

ನೀರನ್ನು ಕಾಯಿಸಿ ಆರಿಸಿ ಕುಡಿಸಿ ಎಂಬ ಸಲಹೆ ಭೇದಿಗೆ ಸರಿ, ಫ್ಲೋರೈಡಿಗೆ ಅಲ್ಲ. ಕುದಿಸಿದಾಗ ನೀರು ಆವಿಯಾಗಿ ಫ್ಲೋರೈಡ್ ಉಳಿಯುವುದರಿಂದ ಸಾಂದ್ರತೆ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸುವುದು, ಕ್ಯಾಂಡಲ್ ಫಿಲ್ಟರ್, ಬ್ಲೀಚಿಂಗ್ ಪುಡಿ ಯಾವುದೂ ಉಪಯೋಗಕ್ಕೆ ಬಾರವು. ಸುಣ್ಣ ಮತ್ತು ಆಲಮ್ ಬಳಸುವ, ತೆಲಂಗಾಣದ ನಲ್ಗೊಂಡ ಜಿಲ್ಲೆಯ ಹೆಸರು ಹೊತ್ತ ವಿಧಾನ, ಸಕ್ರಿಯ ಅಲ್ಯುಮಿನಾ ಹಾಗೂ ಆರ್‌ಒ ಇವು ಫ್ಲೋರೈಡನ್ನು ತಗ್ಗಿಸಬಲ್ಲವು. ನಾಣ್ಯ ಹಾಕಿ ಕೊಡ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳಲ್ಲಿ ಇರುವುದು ಆರ್‌ಒ. ಅದರ ಪೊರೆಯನ್ನು ಕಾಲಕ್ಕೆ ಸರಿಯಾಗಿ ಬದಲಿಸದಿದ್ದರೆ ಘಟಕವಿದ್ದೂ ಇಲ್ಲದಂತೆಯೇ. ಅದು ಹೊರಬಿಡುವ ತ್ಯಾಜ್ಯ ನೀರಿನಲ್ಲಿ ಫ್ಲೋರೈಡ್ ಇನ್ನಷ್ಟು ದಟ್ಟವಾಗಿರುತ್ತದೆ. ಅದನ್ನು ಪಕ್ಕದ ಗುಂಡಿಗೆ ಬಿಟ್ಟರೆ ಮತ್ತೆ ಅದೇ ಭೂಮಿಗೆ ಇಂಗುತ್ತದೆ.

ತಾಯಿ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೂ ಎದೆಹಾಲಿನಲ್ಲಿ ಅದು ಅತ್ಯಲ್ಪ. ಅದೇ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟರೆ ಕೂಸಿಗೆ ನೇರವಾಗಿ ತಗಲುತ್ತದೆ. ಮೊದಲ ಆರು ತಿಂಗಳು ಎದೆಹಾಲು ಮಾತ್ರ ಎಂಬ ನಿಯಮಕ್ಕೆ ಈ ಸೀಮೆಯಲ್ಲಿ ಹೀಗೆ ಇನ್ನೊಂದು ಕಾರಣವೂ ಇದೆ. ಚಹಾ ಸೊಪ್ಪಿನಲ್ಲೂ ಫ್ಲೋರೈಡ್ ಹೆಚ್ಚು. ರೊಟ್ಟಿ ಅದ್ದಿ ತಿನ್ನಲು ಎಳೆಯ ಮಕ್ಕಳಿಗೂ ಚಹಾ ಕೊಡುವ ರೂಢಿಯನ್ನು ಕೈಬಿಟ್ಟು ಹಾಲು, ಮೊಸರು, ನುಗ್ಗೆಸೊಪ್ಪು ಕೊಡುವುದು ಒಳಿತು. ಆದರೆ ಮೂಲದ ನೀರು ಬದಲಾಗದೆ ತಾಟಿನಲ್ಲಿ ಮಾಡುವ ಬದಲಾವಣೆ ಎಷ್ಟು ಮಾತ್ರ ಫಲ ಕೊಟ್ಟೀತು?

ಕೃಷ್ಣೆಯ ನೀರು

ಬಾಳಿಕೆಯ ಪರಿಹಾರವೆಂದರೆ ಬೋರ್‌ವೆಲ್ ಬಿಟ್ಟು ನದಿಯ ನೀರು ಕುಡಿಸುವುದು. ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳ ಮುನ್ನೂರಕ್ಕೂ ಹೆಚ್ಚು ಹಳ್ಳಿಗಳಿಗೆ ಕೃಷ್ಣಾ ನದಿಯಿಂದ ನೀರು ತರುವ ಬಹುಗ್ರಾಮ ಯೋಜನೆ ರೂಪುಗೊಂಡದ್ದು ಇದೇ ಉದ್ದೇಶದಿಂದ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಮನೆಮನೆಗೆ ನಲ್ಲಿಯ ಗುರಿ ಇಟ್ಟುಕೊಂಡಿತು. ಇಲ್ಲಿ ಒಂದು ಎಚ್ಚರ ಅಗತ್ಯ. ನಲ್ಲಿ ಬಂದಿತೆಂದರೆ ನೀರಿನ ಮೂಲ ಬದಲಾಯಿತೆಂದು ಅರ್ಥವಲ್ಲ. ಹಳೆಯ ಬೋರ್‌ವೆಲ್ ನೀರನ್ನೇ ಟ್ಯಾಂಕಿಗೇರಿಸಿ ಹೊಸ ಕೊಳವೆಯಲ್ಲಿ ಹರಿಸಿದರೆ ಮಗುವಿಗೆ ಸೇರುವ ಫ್ಲೋರೈಡ್ ಹಿಂದಿನಷ್ಟೇ. ವಿದ್ಯುತ್ ಕೈಕೊಟ್ಟು, ಪೈಪ್ ಒಡೆದು ನದಿನೀರು ನಿಂತ ದಿನ ಜನ ಮರಳುವುದೂ ಅದೇ ಕೈಪಂಪಿಗೆ.

ಈ ತೊಂದರೆ ಕೊಪ್ಪಳಕ್ಕೆ ಸೀಮಿತವಲ್ಲ. ಇಥಿಯೋಪಿಯಾದಿಂದ ತಾಂಜಾನಿಯಾವರೆಗೆ ಚಾಚಿದ ಪೂರ್ವ ಆಫ್ರಿಕಾದ ಬಿರುಕು ಕಣಿವೆಯ ಮಕ್ಕಳ ಹಲ್ಲಿನ ಮೇಲೂ ಇದೇ ಕಂದು ಗೆರೆಗಳಿವೆ. ಚೀನಾದ ಕೆಲವು ಪ್ರಾಂತ್ಯಗಳಲ್ಲಿ ಒಲೆಯಲ್ಲಿ ಉರಿಸುವ ಕಲ್ಲಿದ್ದಲಿನ ಹೊಗೆಯಿಂದಲೂ ಫ್ಲೋರೋಸಿಸ್ ಬಂದದ್ದಿದೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ ಶುದ್ಧ ಕುಡಿಯುವ ನೀರನ್ನು ಮಗುವಿನ ಆರೋಗ್ಯದ ಹಕ್ಕಿನೊಳಗೇ ಸೇರಿಸಿದೆ. ಭಾರತ 1992ರಲ್ಲಿ ಅದಕ್ಕೆ ಸಮ್ಮತಿಸಿತು.

ಪರೀಕ್ಷೆ ಹೇಗೆ?

ಕೇಂದ್ರ ಸರ್ಕಾರ 2008-09ರಲ್ಲಿ ಆರಂಭಿಸಿದ ರಾಷ್ಟ್ರೀಯ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮದಲ್ಲಿ 6ರಿಂದ 11 ವರ್ಷದ ಶಾಲಾ ಮಕ್ಕಳ ಹಲ್ಲು ನೋಡಿಯೇ ಊರಿನ ಸ್ಥಿತಿ ಅಳೆಯಲಾಗುತ್ತದೆ. ತರಗತಿಯಲ್ಲಿ ಹಲವು ಮಕ್ಕಳ ಹಲ್ಲು ಒಂದೇ ಬಗೆಯಲ್ಲಿ ಕಲೆಗಟ್ಟಿದ್ದರೆ ಗದರುವ ಬದಲು ಶಿಕ್ಷಕರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬಹುದು. ನೀರಿನ ಮಾದರಿಯನ್ನು ಗ್ರಾಮ ಪಂಚಾಯ್ತಿಯ ಮೂಲಕ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೆ ಕಳುಹಿಸಬಹುದು. ಗಾಜು ಫ್ಲೋರೈಡಿನೊಡನೆ ವರ್ತಿಸುವುದರಿಂದ ಮಾದರಿಗೆ ಸ್ವಚ್ಛ ಪ್ಲಾಸ್ಟಿಕ್ ಶೀಶೆಯೇ ಆಗಬೇಕು. ಊರಿನ ಪ್ರತಿ ಬೋರ್‌ವೆಲ್‌ಗೂ ಬೇರೆ ಶೀಶೆ, ಅದರ ಮೇಲೆ ಮೂಲದ ಗುರುತು. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದ ನಂತರ ಇನ್ನೊಮ್ಮೆ ಪರೀಕ್ಷಿಸಿದರೆ ಅಂಗನವಾಡಿಗೂ ಶಾಲೆಯ ಬಿಸಿಯೂಟಕ್ಕೂ ಯಾವ ಬೋರ್‌ವೆಲ್‌ನ ನೀರು ಬಳಸಬಹುದು, ಯಾವುದನ್ನು ಬಟ್ಟೆ ಒಗೆಯಲು ಮಾತ್ರ ಬಿಡಬೇಕು ಎಂಬುದು ತಿಳಿಯುತ್ತದೆ.